ಉಸಿರು ಬಿಗಿಹಿಡಿದು ತೆಗೆದ ಅಳತೆ

ಹವಾಯಿಯ ಮೌನಾ ಲೋವಾ ಪರ್ವತದ ಮೇಲೆ, ಸಮುದ್ರಮಟ್ಟದಿಂದ ಸುಮಾರು 3,400 ಮೀಟರ್ ಎತ್ತರದಲ್ಲಿ, ಗಾಳಿಯ ಮಾದರಿ ತೆಗೆಯುವ ಒಂದು ಹಳೆಯ ಕ್ರಮವಿದೆ. ಒಳಗಿನ ಗಾಳಿಯನ್ನೆಲ್ಲ ಹೊರತೆಗೆದು ಮುಚ್ಚಿದ ಗಾಜಿನ ಬುರುಡೆಯನ್ನು ಹಿಡಿದು ಗಾಳಿಗೆ ಎದುರಾಗಿ ನಿಲ್ಲಬೇಕು. ಉಸಿರು ಬಿಗಿಹಿಡಿಯಬೇಕು. ಬಿರಡೆ ತಿರುಗಿಸಿದರೆ ಹೊರಗಿನ ಗಾಳಿ ಸುಯ್ಯೆಂದು ಒಳನುಗ್ಗುತ್ತದೆ. ಸದ್ದು ನಿಂತ ಮೇಲೆ ಬಿರಡೆ ಮುಚ್ಚಿ, ಆಮೇಲೆ ಉಸಿರು ಬಿಡಬೇಕು. ನಾವು ಹೊರಬಿಡುವ ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಶೇ 4ರಷ್ಟಿರುತ್ತದೆ, ಸುತ್ತಲ ಗಾಳಿಯಲ್ಲಿರುವುದಕ್ಕಿಂತ ಹತ್ತಿರಹತ್ತಿರ ನೂರು ಪಟ್ಟು. ಒಂದು ಉಸಿರು ತಾಕಿದರೂ ಆ ಮಾದರಿ ಕೆಟ್ಟಿತೆಂದೇ ಲೆಕ್ಕ.

ಮಾಲಿನ್ಯ ನಿಯಂತ್ರಣದ ಚರಿತ್ರೆಯನ್ನು ಸಾಮಾನ್ಯವಾಗಿ ಕಾನೂನುಗಳ, ಜಾಗತಿಕ ಸಮ್ಮೇಳನಗಳ ಚರಿತ್ರೆಯಾಗಿ ಬರೆಯುತ್ತಾರೆ. ನನಗೆ ಅದು ಮೊದಲಿಗೆ ಅಳತೆಯ ಚರಿತ್ರೆಯಾಗಿ ಕಾಣುತ್ತದೆ. ಎಲ್ಲಿ ಯಾರೋ ಒಬ್ಬರು ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿ, ವರ್ಷಗಟ್ಟಲೆ ಬಿಡದೆ ಅಳೆದರೋ ಅಲ್ಲಿ ಮಾತ್ರ ನಿಯಂತ್ರಣಕ್ಕೆ ಹಿಡಿ ಸಿಕ್ಕಿದೆ.

ಆರಂಭದ ಕಥೆ ಹತ್ತೊಂಬತ್ತನೇ ಶತಮಾನದ ಇಂಗ್ಲೆಂಡಿನದು. ಸಾಬೂನು, ಗಾಜು ತಯಾರಿಕೆಗೆ ಬೇಕಾದ ಸೋಡಾ ಕ್ಷಾರದ ಕಾರ್ಖಾನೆಗಳ ಚಿಮಣಿಗಳಿಂದ ಹೊಮ್ಮುತ್ತಿದ್ದ ಹೈಡ್ರೋಜನ್ ಕ್ಲೋರೈಡ್ ಎಂಬ ಆಮ್ಲೀಯ ಅನಿಲ ಸುತ್ತಲ ಗಿಡಮರ, ಬೆಳೆಗಳನ್ನು ಸುಡುತ್ತಿತ್ತು. ಅನಿಲವನ್ನು ಗೋಪುರದೊಳಗೆ ಹಾಯಿಸಿ ಮೇಲಿಂದ ನೀರು ಇಳಿಸಿದರೆ ಅದು ನೀರಿನಲ್ಲಿ ಕರಗುತ್ತದೆ ಎಂದು ವಿಲಿಯಂ ಗೊಸೇಜ್ 1836ರಲ್ಲೇ ತೋರಿಸಿದ್ದ. ಉಪಾಯ ಕೈಯಲ್ಲಿದ್ದರೂ ಅದನ್ನು ಕಡ್ಡಾಯ ಮಾಡುವ ಕಾಯ್ದೆ ಬಂದದ್ದು 1863ರಲ್ಲಿ. ಶೇ 95ರಷ್ಟು ಅನಿಲವನ್ನು ಹಿಡಿದಿಡಬೇಕೆಂದು ಅದು ಹೇಳಿತು. ಪಾಲನೆಯಾಗುತ್ತಿದೆಯೇ ಎಂದು ನೋಡಲು ನೇಮಕಗೊಂಡವನು ರಾಬರ್ಟ್ ಆ್ಯಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞ. ಮ್ಯಾಂಚೆಸ್ಟರಿನ ಮಳೆನೀರನ್ನು ಪರೀಕ್ಷಿಸಿ, ಮುಂದೆ ‘ಆಮ್ಲಮಳೆ’ ಎಂಬ ಹೆಸರನ್ನು ಬಳಕೆಗೆ ತಂದವನೂ ಅವನೇ. ಕಾಯ್ದೆಯ ಕೊರತೆ ಬೇಗನೆ ಗೊತ್ತಾಯಿತು. ಒಂದೊಂದು ಕಾರ್ಖಾನೆ ಬಿಡುವುದು ಶೇ 5 ಮಾತ್ರವಾದರೂ, ಕಾರ್ಖಾನೆಗಳೇ ಹೆಚ್ಚುತ್ತ ಹೋದರೆ ಊರಿನ ಗಾಳಿಗೆ ಸೇರುವ ಒಟ್ಟು ಆಮ್ಲವೂ ಹೆಚ್ಚುತ್ತದೆ. ಹಾಗಾಗಿ 1874ರ ತಿದ್ದುಪಡಿ, ಹೊರಬರುವ ಅನಿಲದ ಒಂದು ಘನ ಅಡಿಯಲ್ಲಿ ಎಷ್ಟು ಆಮ್ಲ ಇರಬಹುದು ಎಂಬ ಮಿತಿಯನ್ನೂ ಸೇರಿಸಿತು. ಶೇಕಡಾವಾರು ಕಡಿತಕ್ಕೂ ಒಟ್ಟು ಪ್ರಮಾಣಕ್ಕೂ ಇರುವ ಈ ವ್ಯತ್ಯಾಸದ ಸುತ್ತಲೇ ಇಂದಿನ ಹವಾಮಾನ ಮಾತುಕತೆಗಳೂ ಸುತ್ತುತ್ತಿವೆ.

ಹೊಗೆಯನ್ನು ಅಳೆಯುವ ಬಗೆ ಇನ್ನೂ ಒರಟಾಗಿತ್ತು. 1880ರ ದಶಕದ ಕೊನೆಯಲ್ಲಿ ಪ್ಯಾರಿಸಿನ ಮ್ಯಾಕ್ಸಿಮಿಲಿಯನ್ ರಿಂಗೆಲ್ಮನ್, ಬಿಳಿ ಕಾಗದದ ಮೇಲೆ ಕಪ್ಪು ಗೆರೆಗಳ ಚೌಕುಳಿ ಹಾಕಿದ ಪಟ್ಟಿಗಳನ್ನು ಮಾಡಿದ. ದೂರದಿಂದ ನೋಡಿದಾಗ ಗೆರೆಗಳು ಒಂದರೊಳಗೊಂದು ಕಲೆತು ಬರೀ ಬೂದು ಬಣ್ಣ ಕಾಣುತ್ತದೆ. ಚಿಮಣಿಯ ಹೊಗೆ ಯಾವ ಪಟ್ಟಿಯ ಬೂದು ಬಣ್ಣಕ್ಕೆ ಹೊಂದುತ್ತದೋ ಅದೇ ಅದರ ಅಂಕೆ. ಕಣ್ಣಂದಾಜೇ ನಿಜ, ಆದರೆ ಹೊಗೆ ‘ಜಾಸ್ತಿ’ ಎಂಬ ಜಗಳ ಹೊಗೆ ‘ಮೂರನೇ ಅಂಕೆ’ ಎಂಬ ದಾಖಲೆಯಾಯಿತು.

ಕಣ್ಣಿಗೆ ಕಾಣುವ ಹೊಗೆ ಎಷ್ಟು ಕೊಲ್ಲಬಲ್ಲದು ಎಂಬುದು 1952ರ ಡಿಸೆಂಬರ್ 5ರಿಂದ 9ರವರೆಗೆ ಲಂಡನ್ನಿನಲ್ಲಿ ಗೊತ್ತಾಯಿತು. ಗಾಳಿ ಅಲುಗಾಡದೆ ನಿಂತು, ಕಲ್ಲಿದ್ದಲ ಹೊಗೆ ಮಂಜಿನೊಂದಿಗೆ ಬೆರೆತು ನಗರವನ್ನು ಮುಚ್ಚಿತು. ಹೊಗೆ, ಗಂಧಕದ ಡೈಆಕ್ಸೈಡುಗಳ ದೈನಂದಿನ ಅಳತೆಯನ್ನೂ ಸಾವಿನ ಲೆಕ್ಕವನ್ನೂ ಪಕ್ಕಪಕ್ಕ ಇಟ್ಟಾಗ ಎರಡೂ ಜೊತೆಜೊತೆಗೆ ಏರಿದ್ದು ಕಂಡಿತು. ಸತ್ತವರು ಸುಮಾರು 4,000 ಎಂದು ಮೊದಲು ಅಂದಾಜಾಯಿತು. ಆಮೇಲಿನ ಅಧ್ಯಯನಗಳು ಅದನ್ನು 12,000ದವರೆಗೂ ಒಯ್ದವು. 1956ರಲ್ಲಿ ಶುದ್ಧ ಗಾಳಿ ಕಾಯ್ದೆ ಬಂತು.

ಮಸಿ ಕಡಿಮೆಯಾಯಿತು, ಗಂಧಕ ಉಳಿಯಿತು. ಎತ್ತರದ ಚಿಮಣಿಗಳು ಅದನ್ನು ಊರಿನಿಂದ ಆಚೆ ಕಳಿಸಿದವು, ಅಷ್ಟೆ. ಸ್ವೀಡನ್ನಿನ ವಿಜ್ಞಾನಿ ಸ್ವಾಂಟೆ ಓಡೆನ್ 1967ರಲ್ಲಿ, ತಮ್ಮ ದೇಶದ ಕೆರೆಗಳನ್ನು ಹುಳಿಯಾಗಿಸುತ್ತಿರುವ ಆಮ್ಲ ಗಡಿಯಾಚೆಯ ಕೈಗಾರಿಕೆಗಳಿಂದ ಬರುತ್ತಿದೆ ಎಂದು ಬರೆದರು. ಅವರಿಗೆ ಹಾಗೆ ಹೇಳುವ ಧೈರ್ಯ ಕೊಟ್ಟಿದ್ದು ಯುರೋಪಿನ ನಾನಾ ಕಡೆ ವರ್ಷಗಳಿಂದ ಸಂಗ್ರಹಿಸಿಟ್ಟ ಮಳೆನೀರಿನ ದಾಖಲೆ. 1979ರಲ್ಲಿ ಜಿನೀವಾದಲ್ಲಿ ಗಡಿ ದಾಟುವ ವಾಯುಮಾಲಿನ್ಯದ ಒಪ್ಪಂದಕ್ಕೆ ಸಹಿ ಬಿತ್ತು. ವಿದ್ಯುತ್ ಸ್ಥಾವರಗಳು ಹೊಗೆಯನ್ನು ಸುಣ್ಣದ ಕಲ್ಲಿನ ಪುಡಿ ಬೆರೆಸಿದ ನೀರಿನಲ್ಲಿ ತೊಳೆಯತೊಡಗಿದವು. ಹಿಡಿದ ಗಂಧಕ ಜಿಪ್ಸಮ್ ಆಗಿ ಕಟ್ಟಡದ ಸಾಮಗ್ರಿಯಾಯಿತು.

ಇಂಗಾಲದ ಡೈಆಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕೆಮ್ಮೂ ಬರುವುದಿಲ್ಲ. ಅದು ತುಂಬಿದ ಗಾಜಿನ ಕೊಳವೆ ಬಿಸಿಲಿನಲ್ಲಿ ಹೆಚ್ಚು ಕಾಯುತ್ತದೆ, ತಣಿಯಲು ಹೆಚ್ಚು ಹೊತ್ತು ಹಿಡಿಯುತ್ತದೆ ಎಂದು ಅಮೆರಿಕದ ಯೂನಿಸ್ ಫೂಟ್ 1856ರಲ್ಲಿ ತೋರಿಸಿದ್ದರು. ಕಲ್ಲಿದ್ದಲು ಸುಡುವುದರಿಂದ ಭೂಮಿ ಬಿಸಿಯೇರುತ್ತಿದೆ ಎಂದು 1938ರಲ್ಲಿ ಲೆಕ್ಕ ಹಾಕಿ ಹೇಳಿದ ಗೈ ಕ್ಯಾಲೆಂಡರ್ ಹವಾಮಾನ ತಜ್ಞನಲ್ಲ, ಉಗಿಯ ತಂತ್ರಜ್ಞಾನ ಬಲ್ಲ ಎಂಜಿನಿಯರ್. ಹೆಚ್ಚಿನವರು ನಂಬಲಿಲ್ಲ. ನಂಬದಿರಲು ಕಾರಣವೂ ಇತ್ತು: ಗಾಳಿಯಲ್ಲಿ ಈ ಅನಿಲ ಎಷ್ಟಿದೆ ಎಂಬುದಕ್ಕೇ ಊರಿಗೊಂದು ಲೆಕ್ಕವಿತ್ತು.

ಆ ಗೊಂದಲ ಬಿಡಿಸಿದವರು ಅಮೆರಿಕದ ವಿಜ್ಞಾನಿ ಚಾರ್ಲ್ಸ್ ಡೇವಿಡ್ ಕೀಲಿಂಗ್. ಕಾಡು, ಊರು, ಕಾರ್ಖಾನೆಗಳ ಪ್ರಭಾವ ತಾಕದ ಜಾಗ ಬೇಕೆಂದು ಮೌನಾ ಲೋವಾ ಆರಿಸಿಕೊಂಡರು. 1958ರ ಮಾರ್ಚ್‌ನಲ್ಲಿ ಅವರ ಅವಗೆಂಪು ವಿಶ್ಲೇಷಕ ತೋರಿಸಿದ ಮೊದಲ ಅಂಕಿ, ಗಾಳಿಯ ಹತ್ತು ಲಕ್ಷ ಅಣುಗಳಲ್ಲಿ 313. ಮೇ ತಿಂಗಳವರೆಗೆ ಅಂಕಿ ಏರಿತು, ಆಮೇಲೆ ಇಳಿಯಿತು, ಚಳಿಗಾಲದಲ್ಲಿ ಮತ್ತೆ ಏರಿತು. ಯಂತ್ರ ಕೆಟ್ಟಿರಲಿಲ್ಲ. ಉತ್ತರಾರ್ಧಗೋಳದ ಹಸಿರು ಬೇಸಿಗೆಯಲ್ಲಿ ಉಸಿರು ಒಳಗೆಳೆದುಕೊಂಡು, ಎಲೆ ಉದುರಿಸಿ ಹೊರಗೆ ಬಿಡುವುದನ್ನು ಅದು ದಾಖಲಿಸುತ್ತಿತ್ತು! ಎರಡನೇ ವರ್ಷ ಅದೇ ಏರಿಳಿತ ಮತ್ತೆ ಬಂತು, ಮೊದಲಿಗಿಂತ ತುಸು ಮೇಲಿನ ಮಟ್ಟದಲ್ಲಿ. ಪ್ರತಿ ವರ್ಷದ ಅಲೆ ಹಿಂದಿನದಕ್ಕಿಂತ ಮೇಲೇರುತ್ತ ಹೋಯಿತು. ಅಂಕಿ 2013ರಲ್ಲಿ 400 ದಾಟಿತು. 2024ರ ಸರಾಸರಿ ಸುಮಾರು 424.

ಈ ದಾಖಲೆಯಲ್ಲಿ 1964ರಲ್ಲಿ ಒಂದು ಖಾಲಿ ಜಾಗವಿದೆ. ಹಣ ನಿಂತಿತ್ತು, ಅಳತೆಯೂ ನಿಂತಿತು. ಇದನ್ನು ಹೇಳುವಾಗಲೆಲ್ಲ ನನಗೆ ಸಂಕಟವಾಗುತ್ತದೆ. ಕಳೆದುಹೋದ ದಿನದ ಗಾಳಿಯನ್ನು ಯಾವ ಉಪಕರಣವೂ ಹಿಂದೆ ಹೋಗಿ ಅಳೆಯಲಾರದು. ‘ಹೊಸತೇನಿದೆ’ ಎಂದು ಕೇಳುವ ಅನುದಾನ ಸಮಿತಿಗಳಿಗೆ, ಹಳೆಯದನ್ನೇ ಮುಂದುವರಿಸುವುದರಲ್ಲಿರುವ ಮಹತ್ವವನ್ನು ಮನಗಾಣಿಸಲು ಕೀಲಿಂಗ್ ಬದುಕಿನುದ್ದಕ್ಕೂ ಹೆಣಗಿದರು. ಅವರು ತೀರಿಕೊಂಡದ್ದು 2005ರಲ್ಲಿ. ಕೆಲಸವನ್ನು ಮಗ ರಾಲ್ಫ್ ಮುಂದುವರಿಸಿದರು. 2022ರ ನವೆಂಬರ್‌ನಲ್ಲಿ ಜ್ವಾಲಾಮುಖಿ ಸಿಡಿದು ಲಾವಾ ರಸ್ತೆಯನ್ನೂ ವಿದ್ಯುತ್ ತಂತಿಯನ್ನೂ ಕಡಿದಾಗ, ಪಕ್ಕದ ಮೌನಾ ಕೇಯಾ ಪರ್ವತದಲ್ಲಿ ಅಳತೆ ಹೂಡಿದರು.

ಓಝೋನ್‌ನ ಕಥೆಯೂ ಇಂಥದೇ. ಅಂಟಾರ್ಕ್ಟಿಕದ ಹ್ಯಾಲಿ ನೆಲೆಯಲ್ಲಿ ಬ್ರಿಟಿಷ್ ತಂಡ 1950ರ ದಶಕದಿಂದಲೂ ಡಾಬ್ಸನ್ ಎಂಬ ಹಳೆಯ ಉಪಕರಣದಿಂದ ಓಝೋನ್ ಅಳೆಯುತ್ತಿತ್ತು. ಅಕ್ಟೋಬರ್ ತಿಂಗಳ ಅಂಕಿ ವರ್ಷವರ್ಷವೂ ಕುಸಿಯುತ್ತಿರುವುದು ಆ ತಂಡದ ಜೋ ಫಾರ್ಮನ್ ಕಣ್ಣಿಗೆ ಬಿತ್ತು. ಮೇಲೆ ಸುತ್ತುತ್ತಿದ್ದ ಅಮೆರಿಕದ ಉಪಗ್ರಹ ಏನೂ ಹೇಳಿರಲಿಲ್ಲವಲ್ಲ ಎಂಬ ಅನುಮಾನದಿಂದ ಹೊಸ ಉಪಕರಣ ತರಿಸಿ ಮತ್ತೆ ಅಳೆದರು. ಅದೇ ಉತ್ತರ. 1985ರಲ್ಲಿ ಪ್ರಕಟಿಸಿದರು. ಉಪಗ್ರಹವೂ ಅದನ್ನು ಕಂಡಿತ್ತು; ಅಷ್ಟು ಕಡಿಮೆ ಅಂಕಿಗಳನ್ನು ‘ಸಂಶಯಾಸ್ಪದ’ ಎಂದು ಅದರ ತಂತ್ರಾಂಶ ಗುರುತು ಹಾಕಿ ಬದಿಗಿಟ್ಟಿತ್ತು. ಫ್ರಿಜ್ಜು, ಸಿಂಪಡಿಕೆ ಡಬ್ಬಿಗಳಲ್ಲಿ ಬಳಸುತ್ತಿದ್ದ ಕ್ಲೋರೋಫ್ಲೋರೋಕಾರ್ಬನ್ (ಸಿಎಫ್‌ಸಿ) ಅನಿಲಗಳು ಓಝೋನನ್ನು ತಿನ್ನುತ್ತವೆ ಎಂದು ಮಾರಿಯೋ ಮೊಲಿನಾ ಮತ್ತು ಶೆರ್ವುಡ್ ರೋಲ್ಯಾಂಡ್ 1974ರಲ್ಲೇ ಎಚ್ಚರಿಸಿದ್ದರು. ಆ ಅನಿಲಗಳಿಗೆ ಕಡಿವಾಣ ಹಾಕಲು 1987ರಲ್ಲಿ ಮಾಂಟ್ರಿಯಲ್ ಒಪ್ಪಂದವಾಯಿತು.

ಈಗ ಅಂಗೈಯಲ್ಲಿ ಹಿಡಿಸುವ ಸಂವೇದಕಗಳಿವೆ. ಲೇಸರ್ ಕಿರಣ ಕಣಗಳಿಗೆ ತಾಕಿ ಚದುರುವುದನ್ನು ನೋಡಿ, ಕೂದಲೆಳೆಯ ಸುಮಾರು ಮೂವತ್ತನೇ ಒಂದು ಭಾಗದಷ್ಟು ಸಣ್ಣದಾದ ಪಿಎಂ 2.5 ದೂಳನ್ನು ಕ್ಷಣಕ್ಷಣಕ್ಕೂ ಅಂದಾಜು ಮಾಡುತ್ತವೆ. ಊರಿನ ಯಾವ ಮೂಲೆಯಲ್ಲಿ ಗಾಳಿ ಕೆಟ್ಟಿದೆ ಎಂದು ತಿಳಿಯಲು ಇವು ದೊಡ್ಡ ವರ. ಆದರೆ ಗಾಳಿಯಲ್ಲಿ ತೇವ ಹೆಚ್ಚಿದ ದಿನ ಕಣಗಳು ನೀರು ಕುಡಿದು ಊದಿಕೊಳ್ಳುತ್ತವೆ, ಸಂವೇದಕ ಇಲ್ಲದ ದೂಳನ್ನೂ ಎಣಿಸುತ್ತದೆ. ಇದನ್ನು ತಿದ್ದಲು ನಿಧಾನದ ದಾರಿಗೇ ಮರಳಬೇಕು: ತೇವಾಂಶ ಹದದಲ್ಲಿಟ್ಟ ಕೋಣೆಯಲ್ಲಿ ತೆಳುವಾದ ಶೋಧಕ ಹಾಳೆಯನ್ನು ತೂಗಿ, 24 ಗಂಟೆ ಅದರ ಮೂಲಕ ಗಾಳಿ ಎಳೆದು, ಮತ್ತೆ ತೂಗುವುದು.

ಅಳೆಯುವ ಜಾಗವೂ ಅಷ್ಟೇ ಮುಖ್ಯ. ಪ್ರಯೋಗಾಲಯದಲ್ಲಿ ಪಾಸಾಗಿದ್ದ ಫೋಕ್ಸ್‌ವ್ಯಾಗನ್ ಡೀಸೆಲ್ ಕಾರುಗಳ ಹಿಂದೆ ಅಮೆರಿಕದ ವೆಸ್ಟ್ ವರ್ಜೀನಿಯಾ ವಿಶ್ವವಿದ್ಯಾಲಯದ ತಂಡ ಉಪಕರಣ ಕಟ್ಟಿ ರಸ್ತೆಯಲ್ಲಿ ಓಡಿಸಿತು. ನೈಟ್ರೋಜನ್ ಆಕ್ಸೈಡುಗಳು ಮಿತಿಯ ಹಲವು ಪಟ್ಟು ಹೊಮ್ಮುತ್ತಿದ್ದವು. ಪರೀಕ್ಷೆ ನಡೆಯುತ್ತಿದೆ ಎಂದು ಗುರುತಿಸಿ ಆಗ ಮಾತ್ರ ಹೊಗೆ ತಗ್ಗಿಸುವ ತಂತ್ರಾಂಶ ಕಾರಿನಲ್ಲಿದ್ದದ್ದು 2015ರಲ್ಲಿ ಬಯಲಾಯಿತು.

ಮಾಂಟ್ರಿಯಲ್‌ನಂಥ ಒಪ್ಪಂದ ಯಶಸ್ವಿಯಾದ ಮೇಲೂ ಅಳತೆ ಏಕೆ ಬೇಕು ಎಂದು ಕೇಳುವವರಿಗೆ 2018ರ ಪ್ರಸಂಗವಿದೆ. ಜಗತ್ತಿನಾದ್ಯಂತ 2010ರ ಹೊತ್ತಿಗೆ ಉತ್ಪಾದನೆ ನಿಂತಿರಬೇಕಿದ್ದ ಸಿಎಫ್‌ಸಿ-11 ಅನಿಲ, ಗಾಳಿಯಲ್ಲಿ ನಿರೀಕ್ಷಿಸಿದಷ್ಟು ವೇಗವಾಗಿ ಕಡಿಮೆಯಾಗುತ್ತಿರಲಿಲ್ಲ. 2012ರ ಆಚೆಗೆ ಎಲ್ಲೋ ಯಾರೋ ಹೊಸದಾಗಿ ಹೊರಬಿಡುತ್ತಿದ್ದಾರೆ ಎಂದು ಅಮೆರಿಕದ ವಿಜ್ಞಾನಿಗಳು ಪ್ರಕಟಿಸಿದರು. ಮರುವರ್ಷ, ಕೊರಿಯಾದ ಗೋಸಾನ್ ಮತ್ತು ಜಪಾನಿನ ಹಾತೆರುಮಾ ಕೇಂದ್ರಗಳು, ಗಾಳಿ ಬೀಸಿ ಬಂದ ದಿಕ್ಕಿನ ಲೆಕ್ಕ ಹಿಡಿದು ಅದರ ದೊಡ್ಡ ಪಾಲನ್ನು ಪೂರ್ವ ಚೀನಾದಲ್ಲಿ ಪತ್ತೆ ಮಾಡಿದವು. ಸುದ್ದಿ ಹೊರಬಿದ್ದ ಮೇಲೆ ಅಳತೆ ಕೇಂದ್ರಗಳ ಬುರುಡೆಗಳಲ್ಲಿ, ಯಂತ್ರಗಳಲ್ಲಿ ಅಂಕಿ ಇಳಿಯತೊಡಗಿತು.