ಸರಿಯಿರುವ ಆಟದ ಯಂತ್ರವನ್ನು ಬಿಚ್ಚುವುದರಲ್ಲಿ ಏನು ಸುಖ?

ಪ್ರಶ್ನೆ: ನನ್ನ ಮಗ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾನೆ. ಕಳೆದ ಶುಕ್ರವಾರ ಚೋರ್ ಬಜಾರಿನಿಂದ ಒಂದು ಹಳೆಯ ಗೇಮ್ ಬಾಯ್ ತಂದ, ಕೈಯಲ್ಲಿ ಹಿಡಿದು ಆಡುವ ನಿಂಟೆಂಡೊ ಕಂಪನಿಯ ವಿಡಿಯೋ ಗೇಮ್. ನಡೆಯುತ್ತಿತ್ತು, ನಾನೇ ಕಣ್ಣಾರೆ ನೋಡಿದ್ದೇನೆ. ಮರುದಿನ ಬೆಳಿಗ್ಗೆ ಏಳುವಷ್ಟರಲ್ಲಿ ಅದರ ಕರುಳೆಲ್ಲ ಪೇಪರಿನ ಮೇಲೆ ಹರಡಿತ್ತು, ನನ್ನ ಒಗ್ಗರಣೆ ಡಬ್ಬಿಯ ಬಟ್ಟಲುಗಳಲ್ಲಿ ಸ್ಕ್ರೂ ತುಂಬಿದ್ದವು. ಆಡುವುದಕ್ಕಿಂತ ಬಿಚ್ಚುವುದೇ ಹೆಚ್ಚು. ಇದರಲ್ಲಿ ಏನು ಸುಖ? ಇದು ಕಾನೂನಿಗೆ ವಿರುದ್ಧವಲ್ಲವೇ?
– ಮುಲುಂಡಿನಿಂದ ಒಬ್ಬ ತಾಯಿ

ಉತ್ತರ: ಈ ಪ್ರಶ್ನೆ ನನಗೆ ಹೊಸದಲ್ಲ. ಅಪ್ಪಂದಿರು ಮಕ್ಕಳ ಮೇಲೆ, ಹೆಂಡತಿಯರು ಗಂಡಂದಿರ ಮೇಲೆ ಇದೇ ದೂರನ್ನು ತರುತ್ತಲೇ ಇರುತ್ತಾರೆ. ಚುಟುಕಾಗಿ ಹೇಳಬೇಕೆಂದರೆ, ನಿಮ್ಮ ಮಗ ಆಡುತ್ತಲೇ ಇದ್ದಾನೆ. ಮೊದಲ ಸ್ಕ್ರೂ ಕಳಚಿದಾಗ ಅವನ ಆಟ ಶುರುವಾಗುತ್ತದೆ, ಕೊನೆಯದನ್ನು ಬಿಗಿದಾಗ ಮುಗಿಯುತ್ತದೆ. ಆಮೇಲೆ ಪರದೆಯ ಮೇಲೆ ನಡೆಯುವುದು ಬರೀ ಫಲಿತಾಂಶ.

ಮುಂಬಯಿಯ ಮಟ್ಟಿಗೆ ಈ ಚಟದ ಹಿಂದೆ ಒಂದು ಹಳೆಯ ಕಥೆಯಿದೆ, ಅದನ್ನು ಮುಚ್ಚಿಡುವುದು ಸರಿಯಲ್ಲ. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿಗೆ ನಡೆದವರಿಗೆ ಗೊತ್ತು, ಸೋನಿ ಕಂಪನಿಯ ಆಟದ ಯಂತ್ರ ಪ್ಲೇಸ್ಟೇಷನ್ ಕೊಳ್ಳಲು ಹೋದವರು ಅಲ್ಲಿ ಮೊದಲು ಕೇಳುತ್ತಿದ್ದ ಮಾತು ಬೆಲೆಯದ್ದಲ್ಲ, ‘ಚಿಪ್ ಹಾಕಿದೆಯೇ’ ಎಂಬುದು. 1994ರಲ್ಲಿ ಜಪಾನಿನಲ್ಲಿ ಬಂದ ಮೊದಲ ಪ್ಲೇಸ್ಟೇಷನ್ನಿನಲ್ಲಿ ನಕಲಿ ಡಿಸ್ಕು, ಹೊರ ಪ್ರದೇಶದ ಡಿಸ್ಕು ಓಡದಂತೆ ಹಾಕಿದ್ದ ಬೀಗ ಬಹಳ ಜಾಣತನದ್ದು. ಅಸಲಿ ಡಿಸ್ಕಿನ ಆರಂಭದ ಭಾಗದಲ್ಲಿ ಜಾಡು ಸಣ್ಣಗೆ ತೂಗಾಡುವಂತೆ ಮಾಡಿ, ಆ ತೂಗಾಟದಲ್ಲೇ ನಾಲ್ಕು ಅಕ್ಷರಗಳನ್ನು ಅಡಗಿಸಿಟ್ಟಿದ್ದರು. ಅಮೆರಿಕಕ್ಕೆ ಒಂದು, ಯುರೋಪಿಗೆ ಒಂದು, ಜಪಾನಿಗೆ ಮತ್ತೊಂದು. ಮನೆಯಲ್ಲಿ ಸಿಡಿ ಬರೆಯುವ ಡ್ರೈವಿಗೆ ಈ ತೂಗಾಟವನ್ನು ಮರುಸೃಷ್ಟಿಸುವುದು ಸಾಧ್ಯವಿರಲಿಲ್ಲ. ಅಂಗಡಿಯವನು ಬೆಸುಗೆ ಹಾಕುತ್ತಿದ್ದ ಚಿಪ್ಪು ಮಾಡುತ್ತಿದ್ದುದು ಇಷ್ಟೇ: ಡಿಸ್ಕಿನಿಂದ ಬರಬೇಕಾದ ಆ ನಾಲ್ಕು ಅಕ್ಷರಗಳನ್ನು ತಾನೇ ಯಂತ್ರದ ಕಿವಿಯಲ್ಲಿ ಊದುವುದು. ಹೆಚ್ಚಿನವರಿಗೆ ಅದು ಬೇಕಾಗಿದ್ದುದು ನಕಲಿ ಡಿಸ್ಕಿಗಾಗಿ, ನಿಜ. ಆದರೆ ದುಬೈಯ ಚಿಕ್ಕಪ್ಪ ಅಮೆರಿಕದ ಅಸಲಿ ಡಿಸ್ಕನ್ನೇ ದುಡ್ಡು ಕೊಟ್ಟು ಕಳುಹಿಸಿದರೂ ಯುರೋಪಿನ ಯಂತ್ರ ಅದನ್ನು ಮುಟ್ಟುತ್ತಿರಲಿಲ್ಲ ಎಂಬುದೂ ನಿಜ.

ವೇಗದ ವಿಷಯ ಇನ್ನೂ ತಮಾಷೆಯದು. ನಮ್ಮ ಹಳೆಯ ಟಿವಿಗಳು ಯುರೋಪಿನ ಹಾಗೆ ಸೆಕೆಂಡಿಗೆ 50 ಸಲ ಚಿತ್ರ ಬರೆಯುತ್ತಿದ್ದವು, ಅಮೆರಿಕ–ಜಪಾನಿನವು 60 ಸಲ. ಅಲ್ಲಿಗಾಗಿ ಬರೆದ ಆಟವನ್ನು ತಿದ್ದದೆ 50ರ ಯಂತ್ರಕ್ಕೆ ತುರುಕಿದರೆ ಅದು ಸುಮಾರು ಶೇ. 17ರಷ್ಟು ನಿಧಾನವಾಗಿ ಓಡುತ್ತದೆ. ಹಾಡು ಎಳೆಯುತ್ತದೆ, ಮೇಲೆ ಕೆಳಗೆ ಕಪ್ಪು ಪಟ್ಟಿ ಬೀಳುತ್ತದೆ. ಸೆಗಾ ಕಂಪನಿಯ ಮೆಗಾ ಡ್ರೈವಿನಂಥ ಆಟದ ಯಂತ್ರದಲ್ಲಿ ಬೋರ್ಡಿನ ಮೇಲಿನ ಸರಿಯಾದ ಜಾಗದಲ್ಲಿ ಸಂಪರ್ಕ ಕತ್ತರಿಸಿ ಪುಟ್ಟ ಸ್ವಿಚ್ ಕೂರಿಸಿದರೆ ಸಾಕು, 50 ಇದ್ದದ್ದು 60 ಆಗುತ್ತದೆ. ಬಾಲ್ಯವಿಡೀ ಒಂದು ಆಟವನ್ನು ನಿಧಾನಗತಿಯಲ್ಲಿ ಆಡಿದವನು ಮೂವತ್ತು ದಾಟಿದ ಮೇಲೆ ಅದರ ಅಸಲಿ ಓಟವನ್ನು ಮೊದಲ ಸಲ ನೋಡುತ್ತಾನೆ. ಅವನ ಮುಖವನ್ನು ನೀವು ಆಗ ನೋಡಬೇಕು.

ಈಗ ನಿಮ್ಮ ಮನೆಯ ಪೇಪರಿನ ಮೇಲಿರುವ ಯಂತ್ರಕ್ಕೆ ಬರೋಣ. ಗೇಮ್ ಬಾಯ್ ಬಂದದ್ದು 1989ರಲ್ಲಿ. ಪರದೆಯಲ್ಲಿ ಅಡ್ಡಕ್ಕೆ 160, ಉದ್ದಕ್ಕೆ 144 ಚುಕ್ಕೆಗಳು, ಪಾಚಿ ಬಣ್ಣದ ನಾಲ್ಕು ಛಾಯೆಗಳು, ಹಿಂದೆ ದೀಪವಿಲ್ಲ. ಲೋಕಲ್ ರೈಲಿನಲ್ಲಿ ಕಿಟಕಿ ಪಕ್ಕದ ಸೀಟು ಸಿಗದಿದ್ದರೆ ಏನೂ ಕಾಣುವುದಿಲ್ಲ. ಹಾಗಾಗಿ ಹೆಚ್ಚಿನವರು ಮಾಡುವ ಮೊದಲ ಬದಲಾವಣೆಯೇ ಬೆಳಗುವ ಹೊಸ ಪರದೆ ಹಾಕುವುದು. ಅದು ಸುಲಭ, ಕಿಟ್ ಸಿಗುತ್ತದೆ. ಆದರೆ ನನ್ನನ್ನು ಕೇಳಿದರೆ ರಸವಿರುವುದು ಹಳೆಯ ಪರದೆಯನ್ನು ಉಳಿಸಿಕೊಳ್ಳುವುದರಲ್ಲಿ. ವಯಸ್ಸಾದ ಗೇಮ್ ಬಾಯ್‌ಗಳಲ್ಲಿ ಉದ್ದುದ್ದ ಗೆರೆಗಳು ಮಾಯವಾಗುತ್ತವೆ, ಬಾಚಣಿಗೆಯ ಹಲ್ಲು ಉದುರಿದ ಹಾಗೆ. ಗಾಜಿನ ಕೆಳ ಅಂಚಿಗೆ ಅಂಟಿಸಿದ ತೆಳು ಪಟ್ಟಿಯ ಸಂಪರ್ಕ ಬಿಟ್ಟುಹೋಗಿರುವುದೇ ಇದಕ್ಕೆ ಕಾರಣ. ಮುಂದಿನ ಕವಚ ತೆಗೆದು, ಅಲ್ಲಿನ ಕಪ್ಪು ರಬ್ಬರ್ ಪಟ್ಟಿಯನ್ನು ಸರಿಸಿ, ಯಂತ್ರ ಚಾಲೂ ಇರುವಾಗಲೇ ಹದವಾಗಿ ಕಾದ ಸೋಲ್ಡರಿಂಗ್ ಐರನ್ನಿನ ಮೊನೆಯನ್ನು ಆ ಅಂಚಿನ ಮೇಲೆ ಮೆಲ್ಲಗೆ ಎಳೆಯಬೇಕು. ಮೊನೆ ಹೋದಲ್ಲೆಲ್ಲ ಗೆರೆಗಳು ಒಂದೊಂದಾಗಿ ಎದ್ದು ನಿಲ್ಲುತ್ತವೆ. ತುಸು ಹೆಚ್ಚು ಹೊತ್ತು ಒತ್ತಿದರೆ ಪಟ್ಟಿಯೇ ಸುಟ್ಟು ಕೆಲಸ ಕೆಡುತ್ತದೆ. ನಾನು ಒಂದನ್ನು ಉಳಿಸಿದ್ದೇನೆ, ಒಂದನ್ನು ಸುಟ್ಟಿದ್ದೇನೆ. ಉಳಿದದ್ದನ್ನು ಆ ರಾತ್ರಿ ನಾಲ್ಕು ಸಲ ಆರಿಸಿ ಹಚ್ಚಿ ನೋಡಿದ್ದೆ; ಆಟ ಮಾತ್ರ ಆಡಲಿಲ್ಲ.

ಗೇಮ್ ಬಾಯ್‌ನ ಧ್ವನಿಗೆ ಇರುವುದು ನಾಲ್ಕೇ ದಾರಿ. ಅಷ್ಟರಲ್ಲೇ ಸಂಗೀತ ಕಟ್ಟುವವರಿದ್ದಾರೆ. ಸ್ವೀಡನ್ನಿನ ಯೋಹಾನ್ ಕೋಟ್ಲಿನ್ಸ್ಕಿ ಬರೆದ ‘ಲಿಟಲ್ ಸೌಂಡ್ ಡಿಜೆ’ ಎಂಬ ತಂತ್ರಾಂಶವನ್ನು ಹಾಕಿದರೆ ಆಟಿಕೆ ವಾದ್ಯವಾಗುತ್ತದೆ. ಅಂಥವರು ಒಳಗಿನ ಆಂಪ್ಲಿಫೈಯರಿನ ಗೊರಗೊರ ತಪ್ಪಿಸಲು ಅದಕ್ಕಿಂತ ಮೊದಲೇ ತಂತಿ ಎಳೆದು ಬೇರೆ ಜ್ಯಾಕ್ ಕೂರಿಸಿಕೊಳ್ಳುತ್ತಾರೆ.

ಮಾಡಿದವರು ಕನಸಿನಲ್ಲೂ ಎಣಿಸದ ಕೆಲಸವನ್ನು ಯಂತ್ರದಿಂದ ಮಾಡಿಸುವುದೇ ಈ ಮಂದಿಗೆ ದೊಡ್ಡ ಆಕರ್ಷಣೆ. ಮೈಕ್ರೋಸಾಫ್ಟಿನ ಮೊದಲ ಆಟದ ಯಂತ್ರ ಎಕ್ಸ್‌ಬಾಕ್ಸ್ 2001ರಲ್ಲಿ ಬಂದಾಗ ಅದರೊಳಗೆ 733 ಮೆಗಾಹರ್ಟ್ಸ್ ಪ್ರೊಸೆಸರ್, ಹಾರ್ಡ್ ಡಿಸ್ಕ್ ಎಲ್ಲ ಇದ್ದವು, ಹೆಚ್ಚುಕಡಿಮೆ ಕಂಪ್ಯೂಟರೇ. ಕಂಪನಿಯ ಮುದ್ರೆಯಿಲ್ಲದ ಏನನ್ನೂ ಅದು ನಡೆಸುತ್ತಿರಲಿಲ್ಲ ಅಷ್ಟೆ. ಆಗ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಆಂಡ್ರ್ಯೂ ಹುವಾಂಗ್ ಎರಡು ಚಿಪ್ಪುಗಳ ನಡುವೆ ಹರಿಯುವ ಸಂಕೇತಗಳನ್ನೇ ಕದ್ದು ಕೇಳುವ ಬೋರ್ಡನ್ನು ತಾನೇ ಮಾಡಿ, ಒಳಗಿನ ಗುಟ್ಟಿನ ಕೀಲಿಯನ್ನು ಹೊರತೆಗೆದ. ಬೀಗ ತೆರೆದ ಎಕ್ಸ್‌ಬಾಕ್ಸ್‌ನಲ್ಲಿ ಸಿನಿಮಾ, ಹಾಡು ನಡೆಸಲೆಂದು ಹವ್ಯಾಸಿಗಳು ಒಂದು ತಂತ್ರಾಂಶ ಬರೆದರು. ಅದು ಬೆಳೆದು, ಎಕ್ಸ್‌ಬಿಎಂಸಿ ಎಂದು ಹೆಸರಾಗಿ, 2014ರಲ್ಲಿ ಕೋಡಿ ಆಯಿತು. ನಿಮ್ಮ ಪಕ್ಕದ ಮನೆಯ ಟಿವಿ ಪೆಟ್ಟಿಗೆಯಲ್ಲಿ ಇಂದು ಅದೇ ಇದ್ದರೂ ಇರಬಹುದು. ಇನ್ನು ನಿಂಟೆಂಡೊ ವೀ ಯಂತ್ರದ ಕೋಟೆ ಒಡೆದವರ ಬಳಿ ಇದ್ದ ಆಯುಧ ಒಂದು ಚಿಮಟ! ಬೋರ್ಡಿನ ಎರಡು ಬಿಂದುಗಳನ್ನು ಚಿಮಟದಿಂದ ಸೇರಿಸಿ, ನೋಡಬಾರದ ಮೆಮೊರಿಯ ಮೂಲೆಗೆ ಇಣುಕಿ ಕೀಲಿ ಓದಿದರು.

ರಿಪೇರಿಯ ಮಾತನ್ನೂ ಸೇರಿಸಬೇಕು. ಜುಲೈಯಲ್ಲಿ ನಮ್ಮ ಊರಿನ ಗೋಡೆಯೇ ಬೆವರುತ್ತದೆ, ಇನ್ನು ತಾಮ್ರದ ಪಾಡೇನು. ತೇವವಲ್ಲದೆ ಸವೆತವೂ ಇದೆ. ಆಟ ನಡೆಸಲು ಕೈಯಲ್ಲಿ ಹಿಡಿಯುವ ಕಂಟ್ರೋಲರಿನ ಕೋಲು ಮುಟ್ಟದಿದ್ದರೂ ಪಾತ್ರ ತಾನಾಗಿ ಒಂದು ಕಡೆಗೆ ಜಾರುತ್ತಿದ್ದರೆ, ಒಳಗೆ ಇಂಗಾಲದ ಪಟ್ಟಿ ತಿಕ್ಕಿ ತಿಕ್ಕಿ ಸವೆದಿರುವ ಸಾಧ್ಯತೆ ಹೆಚ್ಚು. ಅದರ ಬದಲು ಆಯಸ್ಕಾಂತದ ಮೇಲೆ ನಡೆಯುವ ಕೋಲು ಹಾಕಿದರೆ ತಿಕ್ಕಾಟವೇ ಇಲ್ಲ. ಸೆಗಾ ಕಂಪನಿ 1998ರ ತನ್ನ ಡ್ರೀಮ್‌ಕಾಸ್ಟ್ ಯಂತ್ರದಲ್ಲೇ ಇದನ್ನು ಮಾಡಿತ್ತು. ಇಷ್ಟು ವರ್ಷಗಳ ಮೇಲೂ ದುಬಾರಿ ಕಂಟ್ರೋಲರುಗಳಲ್ಲಿ ಸವೆಯುವ ಕೋಲನ್ನೇ ಕೊಡುವುದೇಕೆ ಎಂದು ನನಗೆ ಸಿಟ್ಟಿದೆ. ಬಣ್ಣದ ಕವಚ, ಮಿನುಗುವ ದೀಪ ಹಾಕಿಕೊಳ್ಳುವವರೂ ಇದ್ದಾರೆ. ಅದು ರಿಕ್ಷಾ ಅಲಂಕಾರದ ಜಾತಿಯದು, ಹೆಚ್ಚು ಹೇಳುವುದೇನಿಲ್ಲ.

ಕಾನೂನಿನ ಪ್ರಶ್ನೆಗೆ ಬರುತ್ತೇನೆ. ಪರದೆ, ಗುಂಡಿ, ಬ್ಯಾಟರಿ, ಕೋಲು ಬದಲಿಸುವುದು ನಿಮ್ಮ ವಸ್ತು, ನಿಮ್ಮ ಇಷ್ಟ. ವಾರಂಟಿ ಇದ್ದರೆ ಅದರ ಆಸೆ ಬಿಡಬೇಕಾಗಬಹುದು. ಬೀಗ ಮುರಿಯುವುದು ಬೇರೆ. ನಮ್ಮ 1957ರ ಕೃತಿಸ್ವಾಮ್ಯ ಕಾಯಿದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಪ್ರಕಾರ, ಹಕ್ಕನ್ನು ಉಲ್ಲಂಘಿಸುವ ಉದ್ದೇಶದಿಂದ ರಕ್ಷಣಾ ತಂತ್ರವನ್ನು ಮುರಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ. ‘ಉದ್ದೇಶದಿಂದ’ ಎಂಬ ಪದಕ್ಕೆ ತೂಕವಿದೆ. ತಾನೇ ಬರೆದ ಪ್ರೋಗ್ರಾಮ್ ನಡೆಸುವುದೂ ನಕಲಿ ಆಟ ತುಂಬಿ ಮಾರುವುದೂ ಒಂದೇ ಅಲ್ಲ. ಆಸ್ಟ್ರೇಲಿಯಾದ ಹೈಕೋರ್ಟ್ 2005ರಲ್ಲಿ ಸೋನಿಯ ಮೊಕದ್ದಮೆಯಲ್ಲಿ ಪ್ಲೇಸ್ಟೇಷನ್ ಚಿಪ್ ಮಾರಿದವನ ಪರವಾಗಿಯೇ ತೀರ್ಪು ಕೊಟ್ಟಿತ್ತು, ಆದರೆ ಅದು ಅಲ್ಲಿನ ಅಂದಿನ ಕಾನೂನಿನ ಮಾತು. ಇದಲ್ಲದೆ, ಬೀಗ ಮುರಿದ ಹೊಸ ಯಂತ್ರವನ್ನು ಕಂಪನಿಗಳು ತಮ್ಮ ಆನ್‌ಲೈನ್ ಜಾಲದಿಂದ ಹೊರಹಾಕುತ್ತವೆ. ನಿಮ್ಮ ಮಗನ ಗೇಮ್ ಬಾಯ್‌ಗೆ ಇದ್ಯಾವುದೂ ತಾಗುವುದಿಲ್ಲ.

ತಾಗಬಹುದಾದದ್ದು ಬೇರೆ. ಗೇಮ್ ಬಾಯ್ ನಡೆಯುವುದು ನಾಲ್ಕು ಪೆನ್ಸಿಲ್ ಸೆಲ್ಲಿನಲ್ಲಿ, ಹೆದರಿಕೆಯಿಲ್ಲ. ಮುಂದೆ ಅವನು 230 ವೋಲ್ಟಿನ ಪವರ್ ಸಪ್ಲೈ ಒಳಗೇ ಇರುವ ಯಂತ್ರ ತಂದರೆ, ಪ್ಲಗ್ ಕಿತ್ತ ಮೇಲೂ ಅಲ್ಲಿನ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್ ಶಾಕ್ ಹೊಡೆಯಬಲ್ಲದು ಎಂದು ಹೇಳಿ. ಬೆಸುಗೆ ಹಾಕುವಾಗ ಕಿಟಕಿ ತೆರೆದಿರಲಿ. ಅಂಗಡಿಯಲ್ಲಿ ಸಾಮಾನ್ಯವಾಗಿ ಸಿಗುವ 60/40 ಬೆಸುಗೆ ತಂತಿಯಲ್ಲಿ 40 ಪಾಲು ಸೀಸ. ಆದ್ದರಿಂದ ಕೈ ತೊಳೆಯದೆ ಊಟಕ್ಕೆ ಕೂರಬಾರದು, ಮತ್ತು ಆ ಬಟ್ಟಲುಗಳನ್ನು ಎಷ್ಟು ಉಜ್ಜಿದರೂ ಇನ್ನು ಅಡುಗೆಮನೆಗೆ ತರಬೇಡಿ. ಅವು ಅವನಿಗೇ ಇರಲಿ. ಹೊಸ ಒಗ್ಗರಣೆ ಡಬ್ಬಿಯ ದುಡ್ಡನ್ನು ಅವನ ಕೈಖರ್ಚಿನಿಂದ ವಸೂಲಿ ಮಾಡಿ.