ಓದುಗರ ಪ್ರಶ್ನೆ: ಹೆದ್ದಾರಿಯುದ್ದಕ್ಕೂ ಕಡಲು ಕಾಣುತ್ತದೆಯೇ?

ಪ್ರಶ್ನೆ: ಸರ್, ಶುಕ್ರವಾರ ರಾತ್ರಿ ಹಾಸನ ಬಿಟ್ಟು ಮಂಗಳೂರು ತಲುಪಿ, ಅಲ್ಲಿಂದ ಕಾರವಾರದವರೆಗೆ ಸಮುದ್ರದ ಪಕ್ಕದ ಹೈವೇಯಲ್ಲಿ ಹೋಗುತ್ತಾ, ಚೆನ್ನಾಗಿ ಕಂಡಲ್ಲೆಲ್ಲ ಕಾರು ನಿಲ್ಲಿಸಿ ಫೋಟೋ ತೆಗೆದು, ಭಾನುವಾರ ರಾತ್ರಿ ಮನೆ ಸೇರಬೇಕೆಂದಿದ್ದೇವೆ. ಯಾವ ತಿಂಗಳು ಒಳ್ಳೆಯದು? ಎಲ್ಲೆಲ್ಲಿ ನಿಲ್ಲಿಸಬೇಕು?

ಉತ್ತರ: ಈ ಪ್ರಶ್ನೆ ಹಾಸನದಿಂದ ಬರುತ್ತದೆ, ಅರಸೀಕೆರೆಯಿಂದ ಬರುತ್ತದೆ, ಚಿಕ್ಕಮಗಳೂರು ಕಡೂರುಗಳಿಂದಲೂ ಬರುತ್ತದೆ. ಕೇಳುವವರ ಕಾರು, ಕ್ಯಾಮೆರಾ, ರಜೆಯ ದಿನಗಳು ಬದಲಾಗುತ್ತವೆ. ‘ಸಮುದ್ರದ ಪಕ್ಕದ ಹೈವೇ’ ಎಂಬ ಮಾತು ಮಾತ್ರ ಬದಲಾಗಿದ್ದನ್ನು ನಾನು ಕಾಣೆ. ಎಷ್ಟು ಸಲ ಹೇಳಿದರೂ ಮತ್ತೆ ಅದೇ ಮಾತು ಹೊಸಬರ ಬಾಯಲ್ಲಿ ಬರುವುದರಿಂದ, ಈ ಸಲ ಉತ್ತರವನ್ನು ಮೊದಲೇ ಹೇಳಿ, ಆ ನಂಬಿಕೆಯನ್ನು ಬುಡದಿಂದ ಬಿಡಿಸಿ ತೋರಿಸುತ್ತೇನೆ. ಸೆಪ್ಟೆಂಬರ್ ಕೊನೆಯಿಂದ ನವೆಂಬರ್‌ವರೆಗಿನ ದಿನಗಳನ್ನು ಆರಿಸಿಕೊಳ್ಳಿ. ಕಾಪುವಿನಿಂದ ಮರವಂತೆಯವರೆಗಿನ ಸುಮಾರು 70 ಕಿಲೋಮೀಟರ್ ನಿಮ್ಮ ಎರಡು ದಿನಗಳಿಗೆ ಧಾರಾಳವಾಗಿ ಸಾಕು. ಕಾರವಾರವನ್ನು ಈ ಪ್ರವಾಸದ ಪಟ್ಟಿಯಿಂದ ತೆಗೆದುಹಾಕಿ.

ಈಗ ಹೆದ್ದಾರಿಯ ವಿಷಯ. ರಾಷ್ಟ್ರೀಯ ಹೆದ್ದಾರಿ 66, ಅಂದರೆ ಹಳಬರು ಇನ್ನೂ 17 ಎಂದೇ ಕರೆಯುವ ರಸ್ತೆ, ತಲಪಾಡಿಯಿಂದ ಗೋವಾ ಗಡಿಯವರೆಗೆ ನಮ್ಮ ಕರಾವಳಿಯುದ್ದಕ್ಕೂ ಸಾಗುತ್ತದೆ ಎಂಬುದು ನಿಜ. ನಕ್ಷೆಯಲ್ಲಿ ನೋಡಿದರೆ ಆ ಗೆರೆ ಸಮುದ್ರಕ್ಕೆ ಅಂಟಿಕೊಂಡಂತೆಯೇ ಕಾಣುತ್ತದೆ. ಆದರೆ ಇಡೀ ರಾಜ್ಯ ಕಾಣುವಷ್ಟು ಸಣ್ಣ ನಕ್ಷೆಯಲ್ಲಿ ಎರಡು ಮೂರು ಕಿಲೋಮೀಟರ್ ಎಂಬುದು ಗೆರೆಯ ದಪ್ಪದೊಳಗೇ ಅಡಗಿಹೋಗುತ್ತದೆ, ಮತ್ತು ಆ ಎರಡು ಮೂರು ಕಿಲೋಮೀಟರಿನ ತುಂಬ ತೆಂಗಿನ ತೋಟ, ಗದ್ದೆ, ಮನೆ, ಹೊಳೆ, ಹಿನ್ನೀರು ತುಂಬಿಕೊಂಡಿವೆ. ಸುರತ್ಕಲ್ ದಾಟಿದ ಮೇಲೆ ಮೂಲ್ಕಿ, ಪಡುಬಿದ್ರಿ, ಕಟಪಾಡಿ, ಉಡುಪಿ, ಬ್ರಹ್ಮಾವರ, ಕೋಟ ಎಂದು ಊರಿನ ಹಿಂದೆ ಊರು ಬರುತ್ತದೆ. ಎಡಗಡೆ ನೋಡುತ್ತ ಕೂತವರಿಗೆ ಅಂಗಡಿಗಳು, ಸರ್ವಿಸ್ ರಸ್ತೆ, ಫ್ಲೈಓವರ್‌ನ ಗೋಡೆ ಇವೇ ಕಾಣುತ್ತವೆ. ಮಂಗಳೂರಿನಿಂದ ಕುಂದಾಪುರದವರೆಗೆ ರಸ್ತೆ ಬಿಡದೆ ಹೋದವರು ಕಡಲನ್ನು ಸರಿಯಾಗಿ ನೋಡದೆಯೇ ಕುಂದಾಪುರ ತಲುಪುತ್ತಾರೆ, ಆಮೇಲೆ ನನಗೆ ಫೋನ್ ಮಾಡಿ ದಾರಿ ತಪ್ಪಿತೇ ಎಂದು ವಿಚಾರಿಸುತ್ತಾರೆ. ದಾರಿ ತಪ್ಪಿರುವುದಿಲ್ಲ.

ಹೆದ್ದಾರಿ ಕಡಲಿನಿಂದ ದೂರ ನಿಲ್ಲುವುದಕ್ಕೆ ಕಾರಣ ನಮ್ಮ ಘಟ್ಟದಲ್ಲಿಯೇ ಇದೆ. ಪಶ್ಚಿಮಕ್ಕೆ ಹರಿಯುವ ಹೊಳೆಗಳು ಘಟ್ಟದಿಂದ ರಭಸವಾಗಿ ಇಳಿದು, ಕಡಲ ಸಮೀಪದ ಸಮತಟ್ಟಿನಲ್ಲಿ ಒಮ್ಮೆಲೇ ನಿಧಾನವಾಗುತ್ತವೆ. ಅವು ತಂದ ಮಣ್ಣನ್ನೂ ಕಡಲು ತಂದ ಮರಳನ್ನೂ ಅಲೆಗಳು ದಡದುದ್ದಕ್ಕೆ ದಿಣ್ಣೆ ಕಟ್ಟಿ ನಿಲ್ಲಿಸುತ್ತವೆ. ಹೊಳೆ ನೇರವಾಗಿ ಕಡಲು ಸೇರಲಾರದೆ ದಿಣ್ಣೆಯ ಹಿಂದೆ ದಡಕ್ಕೆ ಸಮಾನಾಂತರವಾಗಿ ತಿರುಗಿ, ಎಲ್ಲೋ ಒಂದು ಕಡೆ ಅಳಿವೆ, ಅಂದರೆ ಕಡಲು ಸೇರುವ ಬಾಯಿ, ಕಂಡುಕೊಳ್ಳುತ್ತದೆ. ಮಂಗಳೂರಿನಲ್ಲಿ ನೇತ್ರಾವತಿ ಮತ್ತು ಫಲ್ಗುಣಿ ಬೆಂಗ್ರೆಯ ಹಿಂದೆ ಹೀಗೆ ಸೇರುತ್ತವೆ, ಸಸಿಹಿತ್ಲಿನಲ್ಲಿ ಶಾಂಭವಿ ಮತ್ತು ನಂದಿನಿ, ಕೋಡಿಬೆಂಗ್ರೆಯಲ್ಲಿ ಸ್ವರ್ಣಾ ಮತ್ತು ಸೀತಾ. ಉದ್ಯಾವರದ ಹೊಳೆಯಂತೂ ಉತ್ತರಕ್ಕೆ ತಿರುಗಿ ಮಲ್ಪೆಯವರೆಗೆ ಕಡಲಿನ ಪಕ್ಕದಲ್ಲೇ ಹರಿಯುತ್ತದೆ. ಈ ಮರಳು ಪಟ್ಟಿಯ ಮೇಲೆ ಲಾರಿಗಳು ಓಡುವ ನಾಲ್ಕು ಪಥದ ರಸ್ತೆ ಮಾಡಿದರೆ ಪ್ರತಿ ಅಳಿವೆಗೂ ಸೇತುವೆ ಕಟ್ಟಬೇಕು, ಪ್ರತಿ ಮಳೆಗಾಲವೂ ಕಡಲ್ಕೊರೆತದ ಜೊತೆ ಹೋರಾಡಬೇಕು. ಆದ್ದರಿಂದ ಹೆದ್ದಾರಿ ಸಾಧ್ಯವಿದ್ದಲ್ಲೆಲ್ಲ ಹೊಳೆಗಳ ಪೂರ್ವಕ್ಕೆ, ಮುರಕಲ್ಲಿನ ಗಟ್ಟಿ ನೆಲದಲ್ಲಿ ಸಾಗುತ್ತದೆ. ಪಟ್ಟಿಯ ಮೇಲೆ ಉಳಿದಿರುವುದು ಮೀನುಗಾರರ ಊರುಗಳು ಮತ್ತು ಅವರ ಕಿರಿದಾದ ರಸ್ತೆಗಳು. ಕಡಲು ಬೇಕೆಂದರೆ ಆ ರಸ್ತೆಗಳಿಗೆ ಇಳಿಯಬೇಕು.

ಹಾಗಾದರೆ ಮರವಂತೆ? ಪ್ರತಿಯೊಬ್ಬರೂ ಮೊಬೈಲ್ ತೆಗೆದು ನನಗೆ ತೋರಿಸುವುದು ಅದನ್ನೇ: ನಡುವೆ ರಸ್ತೆ, ಒಂದು ಕಡೆ ಕಡಲು, ಇನ್ನೊಂದು ಕಡೆ ಹೊಳೆ. ಆ ಚಿತ್ರ ಸುಳ್ಳಲ್ಲ. ಸೌಪರ್ಣಿಕಾ ಕಡಲಿಗೆ ಕೂಗಳತೆಯಷ್ಟು ಹತ್ತಿರ ಬಂದು, ಅಲ್ಲಿ ಸೇರದೆ ದಕ್ಷಿಣಕ್ಕೆ ತಿರುಗಿ, ಮುಂದೆ ಗಂಗೊಳ್ಳಿಯ ಅಳಿವೆಯಲ್ಲಿ ಬೇರೆ ಹೊಳೆಗಳೊಂದಿಗೆ ಕೂಡಿ ಕಡಲು ಸೇರುತ್ತದೆ. ಹೆದ್ದಾರಿ ತನ್ನ ಅಭ್ಯಾಸ ಬಿಟ್ಟು ಮರಳು ಪಟ್ಟಿಯನ್ನು ಏರಿರುವುದು ತ್ರಾಸಿ ಮತ್ತು ಮರವಂತೆಯ ನಡುವಿನ ಕೆಲವೇ ಕಿಲೋಮೀಟರಿನಲ್ಲಿ. ಆ ಕೆಲವು ಕಿಲೋಮೀಟರಿನ ಚಿತ್ರವನ್ನು ಸುಮಾರು 300 ಕಿಲೋಮೀಟರಿನ ಕರಾವಳಿಗೆ ಹೊದಿಸಿಬಿಟ್ಟದ್ದೇ ಈ ಎಲ್ಲ ತಪ್ಪು ಕಲ್ಪನೆಯ ಮೂಲ. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಪ್ರಸಿದ್ಧ ಚಿತ್ರಗಳು ಡ್ರೋನ್‌ನಿಂದ ತೆಗೆದವು. ನೆಲದ ಮೇಲೆ ನಿಂತವರಿಗೆ ಕಡಲು ಮತ್ತು ಹೊಳೆ ವಿರುದ್ಧ ದಿಕ್ಕುಗಳಲ್ಲಿರುತ್ತವೆ. ಎಷ್ಟೇ ಅಗಲದ ಲೆನ್ಸ್ ಹಾಕಿದರೂ ಎರಡೂ ಒಂದೇ ಚೌಕಟ್ಟಿನಲ್ಲಿ ಆ ರೀತಿ ಕೂರುವುದಿಲ್ಲ. ಕಾರಿನ ಸೀಟಿನಲ್ಲಿ ಕೂತವರಿಗಂತೂ ಕಡಲ್ಕೊರೆತ ತಡೆಯಲು ಸುರಿದಿರುವ ಬಂಡೆಗಳ ಸಾಲೇ ಕಣ್ಣಿನ ಮಟ್ಟದಲ್ಲಿ ನಿಂತು ಅಲೆಗಳನ್ನು ಮರೆಮಾಡುತ್ತದೆ. ಮರವಂತೆಗೆ ಹೋಗಬೇಡಿ ಎಂದು ನಾನು ಹೇಳುತ್ತಿಲ್ಲ. ಸಂಜೆ ಬೆಳಕಿನಲ್ಲಿ ಹೊಳೆಯ ಕಡೆಗೆ, ಅಂದರೆ ಎಲ್ಲರೂ ಬೆನ್ನು ಹಾಕುವ ಪೂರ್ವಕ್ಕೆ, ಕ್ಯಾಮೆರಾ ತಿರುಗಿಸಿ ನೋಡಿ: ನೀರು, ತೆಂಗು, ಅದರ ಹಿಂದೆ ಘಟ್ಟದ ನೀಲಿ ಸಾಲು, ಎಲ್ಲದರ ಮೇಲೂ ನೇರವಾಗಿ ಬೀಳುವ ಹಳದಿ ಬಿಸಿಲು.

ಮರವಂತೆಯಿಂದ ಉತ್ತರಕ್ಕೆ ಪರಿಸ್ಥಿತಿ ಸ್ವಲ್ಪ ಬೇರೆ ಎಂದು ವಾದಿಸುವವರಿದ್ದಾರೆ. ಅದರಲ್ಲಿ ಅರ್ಧ ಸತ್ಯವಿದೆ. ಬೈಂದೂರಿನ ಒತ್ತಿನೆಣೆಯ ಎತ್ತರದಿಂದ ಕಡಲು ಸೊಗಸಾಗಿ ಕಾಣುತ್ತದೆ, ಹೊನ್ನಾವರದಲ್ಲಿ ಶರಾವತಿಯ ಸೇತುವೆ ಇದೆ, ಕಾರವಾರ ಪಟ್ಟಣದಲ್ಲಿ ಹೆದ್ದಾರಿ ಕಡಲತೀರವನ್ನು ಮುಟ್ಟಿಕೊಂಡೇ ಹೋಗುತ್ತದೆ. ಆದರೆ ಮುರುಡೇಶ್ವರಕ್ಕೂ ಗೋಕರ್ಣಕ್ಕೂ ಹೆದ್ದಾರಿ ಬಿಟ್ಟು ಒಳಗೆ ಹೋಗಲೇಬೇಕು. ಅಂಕೋಲಾ ತಾಲೂಕಿನ ಶಿರೂರಿನಲ್ಲಿ, 2024ರ ಜುಲೈ 16ರಂದು ಗುಡ್ಡ ಕುಸಿದ ಜಾಗದಲ್ಲಿ, ರಸ್ತೆಯ ಪಕ್ಕ ಹರಿಯುವುದು ಗಂಗಾವಳಿ ಹೊಳೆ. ಕಾರವಾರಕ್ಕೆ ಮುಂಚೆ ಕಡಲು ಹತ್ತಿರ ಬರುವ ಜಾಗದಲ್ಲಿ ಕದಂಬ ನೌಕಾನೆಲೆ ಇದೆ, ಅಲ್ಲಿ ಕ್ಯಾಮೆರಾ ಹೊರತೆಗೆಯುವಂತಿಲ್ಲ. ಮಂಗಳೂರಿನಿಂದ ಕಾರವಾರ ಸುಮಾರು 270 ಕಿಲೋಮೀಟರ್. ಹಾಸನದಿಂದ ಮಂಗಳೂರಿಗೆ ಇಳಿಯುವ ಸುಮಾರು 170 ಕಿಲೋಮೀಟರನ್ನೂ ವಾಪಸಾಗುವ ದಾರಿಯನ್ನೂ ಇದಕ್ಕೆ ಸೇರಿಸಿದರೆ, ನಿಮ್ಮ ಎರಡು ದಿನಗಳ ಒಳ್ಳೆಯ ಬೆಳಕೆಲ್ಲ ಸ್ಟಿಯರಿಂಗ್ ಹಿಂದೆಯೇ ಮುಗಿದುಹೋಗುತ್ತದೆ.

ಆದ್ದರಿಂದ 70 ಕಿಲೋಮೀಟರ್ ಸಾಕು ಎಂದದ್ದು. ಶುಕ್ರವಾರ ರಾತ್ರಿ ಘಟ್ಟ ಇಳಿಯುವ ಯೋಚನೆ ಬಿಟ್ಟು ಶನಿವಾರ ಬೆಳಗ್ಗೆ ಹೊರಡಿ. ಹಾಸನದವರು ಸಕಲೇಶಪುರ, ಶಿರಾಡಿ, ಬಿ.ಸಿ. ರೋಡ್ ಮೂಲಕ, ಚಿಕ್ಕಮಗಳೂರಿನವರು ಕೊಟ್ಟಿಗೆಹಾರ, ಚಾರ್ಮಾಡಿ ಮೂಲಕ. ಮಳೆಗಾಲದಲ್ಲಿ ಈ ಘಟ್ಟಗಳಲ್ಲಿ ಮಣ್ಣು ಕುಸಿದು ಸಂಚಾರ ನಿಲ್ಲುವುದು ನಿಮಗೆ ನಾನು ಹೇಳಬೇಕಾದ ವಿಷಯವಲ್ಲ. ಮಂಗಳೂರಿನಿಂದ ಉತ್ತರಕ್ಕೆ ಹೋಗುವುದರಲ್ಲಿ ಒಂದು ಅನುಕೂಲವಿದೆ: ಎಡಬದಿಯಲ್ಲಿ ಚಲಿಸುವ ನಮ್ಮ ದೇಶದಲ್ಲಿ ಉತ್ತರಕ್ಕೆ ಹೋಗುವ ಪಥವೇ ಕಡಲಿನ ಬದಿಗಿರುತ್ತದೆ, ಹೀಗಾಗಿ ಪಶ್ಚಿಮದ ಒಳರಸ್ತೆಗೆ ತಿರುಗಲು ಡಿವೈಡರ್‌ನ ಸಂದಿ ಹುಡುಕಿಕೊಂಡು ಹೋಗಬೇಕಾಗಿಲ್ಲ. ಮಧ್ಯಾಹ್ನ ಕಳೆದ ಮೇಲೆ ಕಾಪುವಿನಲ್ಲಿ ಹೆದ್ದಾರಿ ಬಿಡಿ. ಅಲ್ಲಿನ ದೀಪಸ್ತಂಭ 1901ರದ್ದು. ಸಂಜೆ ಸಂದರ್ಶಕರನ್ನು ಮೇಲೆ ಬಿಡುವ ಸಮಯವನ್ನು ಅಲ್ಲಿಯೇ ವಿಚಾರಿಸಿಕೊಂಡು ಹತ್ತಿದರೆ, ನೆಲದಿಂದ ಸಿಗದ ಎತ್ತರ ಡ್ರೋನ್ ಇಲ್ಲದೆಯೇ ಸಿಗುತ್ತದೆ.

ಕಾಪುವಿನಿಂದ ಮಟ್ಟು, ಪಡುಕೆರೆಗಳ ಮೂಲಕ ಮಲ್ಪೆಗೆ ಹೋಗುವ ಒಳರಸ್ತೆಯೇ ನೀವು ಹೆದ್ದಾರಿಯಲ್ಲಿ ಹುಡುಕುತ್ತಿರುವ ರಸ್ತೆ. ಎರಡು ಕಾರು ಎದುರಾದರೆ ಒಂದು ಬದಿಗೆ ಸರಿಯಬೇಕು. ಎಡಕ್ಕೆ ಬಂಡೆಯ ತಡೆಗೋಡೆ, ಅದರಾಚೆ ಅಲೆ. ಬಲಕ್ಕೆ ಹಂಚಿನ ಮನೆಗಳು, ಅಂಗಳದಲ್ಲಿ ಹರಡಿದ ಬಲೆ, ತೆಂಗಿನ ಸಾಲು, ಸಾಲಿನ ಸಂದಿಯಲ್ಲಿ ಮಿನುಗುವ ಉದ್ಯಾವರ ಹೊಳೆ. ಇದು ಜನ ಬದುಕುವ ಓಣಿ ಎಂಬುದನ್ನು ಮರೆಯದೆ, ಕಾರನ್ನು ಯಾರ ಮನೆಯ ಮುಂದೂ ಅಡ್ಡ ನಿಲ್ಲಿಸದೆ, ನಡೆದುಕೊಂಡು ಚಿತ್ರ ತೆಗೆಯಿರಿ. ಭಾನುವಾರ ಬೆಳಕು ಹರಿಯುವ ಮೊದಲೇ ಮಲ್ಪೆಯ ದಕ್ಕೆಗೆ, ಅಂದರೆ ಬೋಟುಗಳು ಮೀನು ಇಳಿಸುವ ಕಟ್ಟೆಗೆ, ಹೋಗಿ: ಬಂಗುಡೆಯ ರಾಶಿ, ಮಂಜುಗಡ್ಡೆ, ಹರಾಜಿನ ಕೂಗು, ಒಂದಕ್ಕೊಂದು ತಾಗಿ ನಿಂತ ಬೋಟುಗಳ ಬಣ್ಣ. ಕೆಲಸ ಮಾಡುವವರ ದಾರಿಗೆ ಅಡ್ಡ ಬಾರದೆ, ಕೇಳಿ ಫೋಟೋ ತೆಗೆದರೆ ಯಾರಾದರೂ ಬೇಡವೆನ್ನುವುದು ಅಪರೂಪ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಆ ದಿನಗಳಲ್ಲಿ ಈ ಗದ್ದಲ ಇರುವುದಿಲ್ಲ, ಮಳೆಗಾಲದಲ್ಲಿ ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಕ್ಕೆ ದೋಣಿಯೂ ಹೋಗುವುದಿಲ್ಲ. ಅನಂತರ ಹೂಡೆಯ ಮೂಲಕ ಕೋಡಿಬೆಂಗ್ರೆಯ ತುದಿ, ಮಧ್ಯಾಹ್ನದ ಮೇಲೆ ಮರವಂತೆ. ಸೋಮವಾರ ಒಂದು ದಿನ ರಜೆ ಹಾಕಲು ಸಾಧ್ಯವಾದರೆ ಮರವಂತೆಯ ಸಂಜೆ ನೋಡಿಕೊಂಡು ಅಲ್ಲೇ ಉಳಿಯಿರಿ. ಇಲ್ಲವಾದರೆ ಮರವಂತೆಯನ್ನು ಬಿಟ್ಟು ಹಗಲಿನಲ್ಲೇ ಘಟ್ಟ ಹತ್ತಿ.

ತಿಂಗಳ ಬಗ್ಗೆ ಇಷ್ಟು ಸಾಕು: ಮಳೆ ತೊಳೆದ ಗಾಳಿ ಅಕ್ಟೋಬರಿನಲ್ಲಿ ತಿಳಿಯಾಗಿರುತ್ತದೆ, ಫೆಬ್ರವರಿ ದಾಟಿದರೆ ದಿಗಂತದಲ್ಲಿ ಮಬ್ಬು ಕೂರುತ್ತದೆ. ಸೂರ್ಯ ಮುಳುಗುವ ಜಾಗವೂ ವರ್ಷವಿಡೀ ಒಂದೇ ಅಲ್ಲ. ಡಿಸೆಂಬರಿನಲ್ಲಿ ನೇರ ಪಶ್ಚಿಮಕ್ಕಿಂತ ಸುಮಾರು 24 ಡಿಗ್ರಿ ದಕ್ಷಿಣಕ್ಕೆ, ಜೂನಿನಲ್ಲಿ ಅಷ್ಟೇ ಉತ್ತರಕ್ಕೆ ಸರಿಯುತ್ತಾನೆ. ಯಾರದೋ ಮೇ ತಿಂಗಳ ಚಿತ್ರ ನೋಡಿ ಡಿಸೆಂಬರಿನಲ್ಲಿ ಅದೇ ಬಂಡೆಯ ಹಿಂದೆ ಸೂರ್ಯನನ್ನು ಕಾಯುವುದು ವ್ಯರ್ಥ.

ಇಷ್ಟೆಲ್ಲ ಕೇಳುವವರು ಕೇಳದ ಒಂದು ವಿಷಯವಿದೆ, ನನ್ನ ಪ್ರಕಾರ ನಮ್ಮ ಕಡೆಯವರು ಮೊದಲು ಕೇಳಬೇಕಾದದ್ದು ಅದನ್ನೇ. ಘಟ್ಟದ ಮೇಲಿನ ನಮ್ಮ ಗಾಳಿ ತಂಪು, ಕರಾವಳಿಯದ್ದು ಬೆಚ್ಚಗಿನ ತೇವದ ಗಾಳಿ. ಮನೆಯಿಂದ ತಣ್ಣಗೆ ಹೊರಟು, ದಾರಿಯುದ್ದಕ್ಕೂ ಏಸಿ ಕಾರಿನಲ್ಲಿ ಇನ್ನಷ್ಟು ತಣ್ಣಗಾದ ಕ್ಯಾಮೆರಾವನ್ನು ದಡದಲ್ಲಿ ಹೊರತೆಗೆದ ಕ್ಷಣವೇ ಲೆನ್ಸಿನ ಗಾಜಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಒರೆಸಿದರೆ ಮತ್ತೆ ಕಟ್ಟುತ್ತದೆ, ಏಕೆಂದರೆ ಗಾಜು ಇನ್ನೂ ತಣ್ಣಗೇ ಇರುತ್ತದೆ. ಅಲ್ಲಿಯೇ ಲೆನ್ಸ್ ಬದಲಿಸಿದರೆ ತೇವ ಕ್ಯಾಮೆರಾದ ಒಳಗೂ ಸೇರುತ್ತದೆ. ಇದಕ್ಕೆ ಮದ್ದು ಬಹಳ ಸುಲಭ. ಕ್ಯಾಮೆರಾ ಚೀಲವನ್ನು ಜಿಪ್ ಹಾಕಿ ಡಿಕ್ಕಿಯಲ್ಲಿಡಿ, ದಡ ತಲುಪುವ ಅರ್ಧ ಗಂಟೆ ಮೊದಲೇ ಏಸಿ ಆರಿಸಿ ಕಿಟಕಿ ಇಳಿಸಿ, ಚೀಲದೊಳಗೇ ಕ್ಯಾಮೆರಾ ಹೊರಗಿನ ಬಿಸಿಗೆ ಹೊಂದಿಕೊಳ್ಳಲು ಬಿಡಿ. ರಾತ್ರಿ ಏಸಿ ಕೋಣೆಯಲ್ಲಿ ಉಳಿದವರು ಬೆಳಗಿನ ದಕ್ಕೆಗೆ ಹೊರಡುವಾಗಲೂ ಇದನ್ನೇ ಮಾಡಬೇಕು.

ಕಡಲ ಗಾಳಿಯ ಉಪ್ಪು ಇದಕ್ಕಿಂತ ಕೆಟ್ಟದ್ದು, ಏಕೆಂದರೆ ಅದು ಕಾಣುವುದಿಲ್ಲ. ಒಣ ಬಟ್ಟೆಯಲ್ಲಿ ತಿಕ್ಕಿದರೆ ಉಪ್ಪಿನ ಹರಳು, ಮರಳು ಎರಡೂ ಗಾಜನ್ನು ಗೀರುತ್ತವೆ. ಮೊದಲು ಬ್ಲೋಅರ್‌ನಿಂದ ಊದಿ, ಆಮೇಲೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಮೆತ್ತನೆಯ ಬಟ್ಟೆಯಿಂದ ಹೊರಮೈಯನ್ನು ಒತ್ತಿ ತೆಗೆಯಿರಿ. ಮುಂದಿನ ಗಾಜಿಗೆ ಯುವಿ ಫಿಲ್ಟರ್ ಇದ್ದರೆ ಅದನ್ನು ಬಿಚ್ಚಿ ತೊಳೆಯಬಹುದು. ಟ್ರೈಪಾಡ್‌ನ ಕಾಲುಗಳನ್ನು ಅದೇ ರಾತ್ರಿ ಪೂರ್ತಿ ಎಳೆದು ನಲ್ಲಿಯ ಕೆಳಗೆ ಹಿಡಿದು ತೊಳೆದು, ಎಳೆದ ಸ್ಥಿತಿಯಲ್ಲೇ ಆರಲು ಬಿಡಿ. ಮನೆಗೆ ಬಂದ ಮೇಲೆ ನೋಡೋಣ ಎಂದು ಹಾಗೆಯೇ ಮಡಚಿಟ್ಟರೆ, ಮುಂದಿನ ಸಲ ತೆರೆಯುವಾಗ ಬಿಗಿಗಳು ತಿರುಗುವುದಿಲ್ಲ.