ಫೋರ್ ಬೈ ಫೋರ್ ಇಲ್ಲದೆ ಕ್ಯಾಂಪಿಂಗ್ ಮೀಟ್‌ಗೆ ಹೋಗಬಹುದಾ? ಖರ್ಚೆಷ್ಟು?

ಅರಸೀಕೆರೆಯಿಂದ ಒಬ್ಬರು ಕೇಳಿದ್ದಾರೆ: "ಮೇಡಂ, ಸಕಲೇಶಪುರ, ಮೂಡಿಗೆರೆ ಕಡೆ ತೋಟಗಳಲ್ಲಿ ಜೀಪ್ ಮೀಟ್, ಕ್ಯಾಂಪಿಂಗ್ ಮೀಟ್ ಅಂತ ಮಾಡ್ತಾರಲ್ಲ, ಮಕ್ಕಳು ಹೋಗಲೇಬೇಕು ಅಂತ ಹಠ ಹಿಡಿದಿದ್ದಾರೆ. ನಮ್ಮ ಹತ್ತಿರ ಇರೋದು ಹಳೇ ಈಕೋ. ಥಾರ್ ಗೀರ್ ಏನೂ ಇಲ್ಲ. ನಾವಿಬ್ಬರು, ಇಬ್ಬರು ಮಕ್ಕಳು, ಜೊತೆಗೆ ನಮ್ಮತ್ತೆ. ನಮ್ಮಂಥವರಿಗೆ ಇದೆಲ್ಲ ಆಗುತ್ತಾ?"

ಆಗುತ್ತೆ. ಈಕೋದಲ್ಲೇ ಆಗುತ್ತೆ. ಅತ್ತೆಯವರನ್ನೂ ಕರೆದುಕೊಂಡು ಹೋಗಿ. ಹೊಸಬರಿಗೆ ಒಂದು ಮಾತು: ಮೀಟ್ ಅಂದರೆ ಗಾಡಿಯ ಹುಚ್ಚಿರುವವರು ಒಂದು ಕಡೆ ಸೇರಿ, ಟೆಂಟ್ ಹಾಕಿ ಉಳಿದು, ಕೆಸರಿನಲ್ಲಿ ಜೀಪ್ ಓಡಿಸುವ ಕೂಟ. ಫೋರ್ ಬೈ ಫೋರ್ ಅಂದರೆ ಇಂಜಿನ್ ನಾಲ್ಕೂ ಚಕ್ರವನ್ನು ಎಳೆಯುವ ಗಾಡಿ.

ಈ ಉತ್ತರವನ್ನು ಸ್ಟಾಫ್ ರೂಮಿನಲ್ಲಿ ಹೇಳಿದ್ದೇನೆ, ಮದುವೆ ಮನೆಯ ಪಂಕ್ತಿಯಲ್ಲಿ ಕೂತು ಹೇಳಿದ್ದೇನೆ, ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಬಸ್ಸು ತಪ್ಪಿಸಿಕೊಂಡೂ ಹೇಳಿದ್ದೇನೆ. ಆದರೂ ಮತ್ತೆ ಅದೇ ಪ್ರಶ್ನೆ ಬರುತ್ತೆ. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ, ಇನ್ನು ಯಾರಾದರೂ ಕೇಳಿದರೆ ಇದನ್ನೇ ಕೊಡಬಹುದು.

ಮೊದಲು ದುಡ್ಡಿನ ವಿಷಯ. ನಾನು ಲೆಕ್ಕದ ಟೀಚರ್, ಅಂದಾಜಿನ ಮಾತು ನನಗೆ ಆಗಿಬರುವುದಿಲ್ಲ. ಹೋದ ಫೆಬ್ರವರಿಯಲ್ಲಿ ನಾವು ನಾಲ್ಕು ಜನ ಹಾಸನದಿಂದ ವ್ಯಾಗನ್ ಆರ್‌ನಲ್ಲಿ ಮೂಡಿಗೆರೆ ಕಡೆಯ ಒಂದು ಮೀಟ್‌ಗೆ ಹೋಗಿದ್ದೆವು, ಒಂದು ರಾತ್ರಿ. ದೊಡ್ಡವರಿಗೆ ತಲೆಗೆ 1,000, ಮಕ್ಕಳಿಗೆ ಅರ್ಧ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಒಟ್ಟು 3,000. ಓಡಾಟ ಎಲ್ಲಾ ಸೇರಿ 150 ಕಿಲೋಮೀಟರ್, ಘಟ್ಟದ ರಸ್ತೆಗೆ ಲೀಟರಿಗೆ 16ರಂತೆ ಹಿಡಿದರೆ ಒಂಬತ್ತೂವರೆ ಲೀಟರ್ ಪೆಟ್ರೋಲ್, ಲೀಟರಿಗೆ 103 ಅಂದುಕೊಂಡರೆ ಸಾವಿರಕ್ಕೆ ಸ್ವಲ್ಪ ಕಡಿಮೆ. ಬೇಲೂರಿನಲ್ಲಿ ಕಾಫಿ ತಿಂಡಿ, ಮಕ್ಕಳಿಗೆ ಎಳನೀರು, ಬರುವಾಗ ಮಧ್ಯಾಹ್ನದ ಊಟ, ಎಲ್ಲಾ ಸೇರಿ 900. ಅಲ್ಲಿಗೆ ಐದು ಸಾವಿರದ ಒಳಗೇ ಮುಗಿಯಿತು. ಅದೇ ವಾರದ ಕೊನೆಯಲ್ಲಿ ಚಿಕ್ಕಮಗಳೂರು ಸುತ್ತ ಹೋಂಸ್ಟೇ ಕೇಳಿ ನೋಡಿ, ಬಹಳ ಕಡೆ ತಲೆಗೆ ಇದಕ್ಕಿಂತ ಜಾಸ್ತಿಯೇ ಹೇಳುತ್ತಾರೆ.

ಐದು ಸಾವಿರ ಚಿಕ್ಕ ದುಡ್ಡು ಅಂತ ನಾನು ಹೇಳುವುದಿಲ್ಲ. ತಿಂಗಳಿಗೆ ಇಪ್ಪತ್ತು ಸಾವಿರ ಬರುವ ಮನೆಗೆ ಅದು ಕಾಲು ಭಾಗ. ವರ್ಷಕ್ಕೆ ಒಂದೇ ಸಲ ಅಂತ ಇಟ್ಟುಕೊಂಡು ತಿಂಗಳಿಗೆ 420 ರೂಪಾಯಿ ಡಬ್ಬಿಗೆ ಹಾಕಿ. ಅದೂ ಕಷ್ಟವಾದರೆ ರಾತ್ರಿ ಉಳಿಯಬೇಡಿ. ಬೆಳಿಗ್ಗೆ ಬುತ್ತಿ ಕಟ್ಟಿಕೊಂಡು ಹೋಗಿ, ಸಂಜೆ ವಾಪಸ್ ಬನ್ನಿ. ಎಷ್ಟೋ ಮೀಟ್‌ಗಳಲ್ಲಿ ಹಗಲು ಬಂದು ನೋಡಿಕೊಂಡು ಹೋಗುವವರಿಗೆ ದುಡ್ಡು ಕಡಿಮೆ, ಕೆಲವು ಕಡೆ ಕೇಳುವುದೇ ಇಲ್ಲ. ಗಾಡಿ, ಟೆಂಟ್, ಬಂದ ಜನ ಎಲ್ಲವೂ ಹಗಲಲ್ಲೇ ಚೆನ್ನಾಗಿ ಕಾಣುವುದು.

ಇನ್ನು ಥಾರ್ ವಿಷಯ. "ಫೋರ್ ಬೈ ಫೋರ್ ಇಲ್ಲದೆ ಇಂಥ ಕಡೆ ಕಾಲಿಡುವ ಹಾಗೇ ಇಲ್ಲ" ಅನ್ನುವ ಮಾತು ಯಾರ ಬಾಯಲ್ಲಿ ಹುಟ್ಟಿತೋ, ನನಗಂತೂ ಅದನ್ನು ಅಳಿಸಿ ಅಳಿಸಿ ಸಾಕಾಗಿದೆ. ಎಷ್ಟೋ ಕುಟುಂಬಗಳು ಈ ಒಂದು ಮಾತಿಗೆ ಹೆದರಿ ಮನೆಯಲ್ಲೇ ಉಳಿಯುತ್ತವೆ. ಅದಕ್ಕೇ ನಿಧಾನವಾಗಿ ಹೇಳುತ್ತೇನೆ.

ಮೀಟ್ ಮಾಡುವ ಮೈದಾನಕ್ಕೆ ಯಾವ ಯಾವ ಗಾಡಿ ಬಂದಿರುತ್ತೆ ಅಂತ ಒಂದು ಸಲ ಯೋಚನೆ ಮಾಡಿ. ಶಾಮಿಯಾನ ಹೊತ್ತ ಲಾರಿ ಬಂದಿರುತ್ತೆ. ಅಡುಗೆಯವರ ಪಾತ್ರೆ, ಗ್ಯಾಸ್ ಸಿಲಿಂಡರ್ ತುಂಬಿಕೊಂಡು ಟಾಟಾ ಏಸ್ ಬಂದಿರುತ್ತೆ. ನೀರಿನ ಟ್ಯಾಂಕರ್, ಜನರೇಟರ್ ಗಾಡಿ ಬಂದಿರುತ್ತೆ. ಇದರಲ್ಲಿ ಒಂದಾದರೂ ಫೋರ್ ಬೈ ಫೋರ್ ಅಲ್ಲ. ಅಷ್ಟು ಭಾರ ಹೊತ್ತ ಏಸ್ ಹೋದ ದಾರಿಯಲ್ಲಿ ನಿಮ್ಮ ಈಕೋ ಯಾಕೆ ಹೋಗಬಾರದು? ನಾಲ್ಕೂ ಚಕ್ರ ಎಳೆಯಬೇಕಾಗುವುದು ಪಕ್ಕದಲ್ಲಿ ಹಗ್ಗ ಕಟ್ಟಿ ಬೇರೆ ಮಾಡಿರುವ ಟ್ರ್ಯಾಕಿನಲ್ಲಿ. ಕೆಸರಿನ ಗುಂಡಿ, ಕಲ್ಲು, ಏರು ಎಲ್ಲಾ ಅಲ್ಲಿ. ಅದಕ್ಕೆ ಇಳಿಯುವವರು ಇಳಿಯುತ್ತಾರೆ, ನೀವು ದಂಡೆಯ ಮೇಲೆ ಚಾಪೆ ಹಾಸಿಕೊಂಡು ನೋಡುತ್ತೀರಿ. ಮಕ್ಕಳಿಗೆ ಬೇಕಾಗಿದ್ದೂ ಅದೇ.

ಮಲೆನಾಡಿನ ಜನರನ್ನೇ ನೋಡಿ. ಮುಳ್ಳಯ್ಯನಗಿರಿ ರಾಜ್ಯದ ಅತಿ ಎತ್ತರದ ಶಿಖರ, 1,930 ಮೀಟರ್. ಮೇಲಿನ ಮೆಟ್ಟಿಲಿನ ಬುಡದವರೆಗೆ ಆಲ್ಟೊ ಹೋಗುತ್ತೆ. ಕಳಸ, ಹೊರನಾಡಿಗೆ ಮಳೆಗಾಲದಲ್ಲೂ ಓಡುವ ಕೆಂಪು ಬಸ್ಸಿಗೆ ಎಳೆಯುವುದು ಹಿಂದಿನ ಚಕ್ರ ಮಾತ್ರ. ಕೊಪ್ಪದ ಸಹಕಾರ ಸಾರಿಗೆ ಈಗ ನಿಂತುಹೋಗಿದೆ, ಆದರೆ ಅದರ ಬಸ್ಸುಗಳು ಎಂಥೆಂಥ ಮೂಲೆಯ ಊರಿಗೆ ಎಂಥ ಮಳೆಯಲ್ಲಿ ಹೋಗಿ ಬಂದವು ಅಂತ ಆ ಕಡೆಯವರನ್ನು ಕೇಳಿ. ಎಸ್ಟೇಟುಗಳಲ್ಲಿ ಕೆಲಸದವರನ್ನು ತುಂಬಿಕೊಂಡು ಓಡಾಡುವ ಹಳೇ ಕಮಾಂಡರ್ ಜೀಪುಗಳಲ್ಲೂ ಬಹಳಷ್ಟು ಟೂ ವೀಲ್ ಡ್ರೈವೇ.

ನಮ್ಮ ಅತ್ತಿಗೆಯ ತವರಿನ ತೋಟದಲ್ಲಿ ಒಂದು ಜುಲೈ ತಿಂಗಳು ನಾನೇ ಕಣ್ಣಾರೆ ನೋಡಿದ್ದು ಹೇಳುತ್ತೇನೆ. ಕಣದಿಂದ ಕೆಲಸದವರ ಲೈನ್ ಮನೆಗಳಿಗೆ ಹೋಗುವ ಏರು, ಕೆಂಪು ಮಣ್ಣು, ಮೂರು ದಿನದಿಂದ ಬಿಡದ ಮಳೆ. ತೋಟದ ಲೆಕ್ಕ ಬರೆಯುವ ರೈಟರ್ ಒಬ್ಬರಿಗೆ ಹಳೇ ಓಮ್ನಿ ಇತ್ತು. ಅವರು ಸೀಟಿನ ಕೆಳಗಿನಿಂದ ಗೋಣಿಚೀಲ ಎಳೆದರು, ಅದರಲ್ಲಿ ಕೆಸರಲ್ಲಿ ಜಾರದ ಹಾಗೆ ಟೈರಿಗೆ ಸುತ್ತುವ, ತುಕ್ಕು ಹಿಡಿದ ಎರಡು ಚೈನು. ಹಿಂದಿನ ಎರಡು ಟೈರಿನ ಮುಂದೆ ಚೈನು ಹಾಸಿದರು, ಗಾಡಿಯನ್ನು ಒಂದು ಗೇಣು ಮುಂದೆ ತಂದು ಅದರ ಮೇಲೆ ನಿಲ್ಲಿಸಿದರು, ಮಳೆಯಲ್ಲೇ ಮಂಡಿಯೂರಿ ಚೈನನ್ನು ಟೈರಿಗೆ ಸುತ್ತಿ ಕೊಕ್ಕೆ ಸಿಕ್ಕಿಸಿದರು. ಮಿಕ್ಕ ತುದಿಯನ್ನು ಹಳೇ ಟ್ಯೂಬಿನ ರಬ್ಬರಿನಿಂದ ಬಿಗಿದು ಕಟ್ಟಿದರು. ಹತ್ತು ನಿಮಿಷವೂ ಆಗಲಿಲ್ಲ. ಆಮೇಲೆ ಫಸ್ಟ್ ಗೇರಿನಲ್ಲಿ, ಎಲ್ಲೂ ಆಕ್ಸಿಲರೇಟರ್ ಜೋರು ಮಾಡದೆ, ಎಲ್ಲೂ ನಿಲ್ಲಿಸದೆ ಮೇಲೆ ಹತ್ತಿಸಿದರು. ಅದೇ ಏರಿನಲ್ಲಿ ಬೆಂಗಳೂರಿನ ನೆಂಟರೊಬ್ಬರ ಹೊಸ ಫೋರ್ ಬೈ ಫೋರ್ ಬೆಳಿಗ್ಗೆಯಿಂದ ಚರಂಡಿಗೆ ವಾಲಿಕೊಂಡು ನಿಂತಿತ್ತು. ಅವರ ಗಾಡಿಯಲ್ಲಿ ದೋಷ ಇರಲಿಲ್ಲ. ಟೈರು ಟಾರ್ ರಸ್ತೆಯದ್ದು, ಓಡಿಸುವವರಿಗೆ ಕೆಸರು ಹೊಸದು.

ನಾಲ್ಕೂ ಚಕ್ರ ಎಳೆದರೆ ಗಾಡಿ ಹತ್ತುವುದಕ್ಕೆ ಸಹಾಯ. ಜಾರುವ ಇಳಿಜಾರಿನಲ್ಲಿ ಬ್ರೇಕ್ ಒತ್ತಿದಾಗ ಅದರಿಂದ ವಿಶೇಷ ಲಾಭ ಇಲ್ಲ. ಬ್ರೇಕ್ ಎಲ್ಲಾ ಕಾರಿಗೂ ನಾಲ್ಕೂ ಚಕ್ರಕ್ಕೆ ಇದೆ, ಹಿಡಿಯಬೇಕಾದ್ದು ಟೈರು. ಈಕೋದ ತಳ ನೆಲದಿಂದ 160 ಮಿಲಿಮೀಟರ್, ಥಾರ್‌ದು 226. ಈ ವ್ಯತ್ಯಾಸ ನಿಜ, ಇಲ್ಲ ಅನ್ನಲ್ಲ. ನೀವು ಅತ್ತೆಯನ್ನು ಹಿಂದೆ ಕೂರಿಸಿಕೊಂಡು ಕಲ್ಲುಗುಂಡಿಗೆ ಇಳಿಯುತ್ತೀರಾ? ಇಲ್ಲ ಅಲ್ವಾ. ಕಲ್ಲು ಕಂಡ ಕಡೆ ಎಲ್ಲರನ್ನೂ ಇಳಿಸಿ, ಒಬ್ಬರು ಮುಂದೆ ನಿಂತು ದಾರಿ ತೋರಿಸಲಿ, ಭಾರ ಇಳಿದರೆ ಗಾಡಿ ಒಂದಿಷ್ಟು ಮೇಲೇಳುತ್ತೆ.

ಇದರ ಇನ್ನೊಂದು ಮುಖ ಸಾಲ. ಥಾರ್‌ನಂಥ ಗಾಡಿಗೆ ಹತ್ತು ಲಕ್ಷ ಸಾಲ, ಶೇಕಡಾ ಒಂಬತ್ತೂವರೆ ಬಡ್ಡಿ, ಐದು ವರ್ಷ ಅಂದರೆ ತಿಂಗಳ ಕಂತು 21,000. ಒಂದೇ ಕಂತಿನಲ್ಲಿ ನಾವು ಹೋದಂಥ ಮೀಟ್‌ಗೆ ನಾಲ್ಕು ಸಲ ಹೋಗಿಬರಬಹುದು. ಅಂಥ ಗಾಡಿ ತಗೊಂಡವರನ್ನು ನಾನು ತಪ್ಪು ಅನ್ನುವುದಿಲ್ಲ, ಅದು ಅವರ ಖುಷಿ. ಆದರೆ ಮೀಟ್‌ಗೆ ಹೋಗುವುದಕ್ಕೇ ಅಂತ ತಗೊಳ್ಳಬೇಡಿ.

ಫೋರ್ ಬೈ ಫೋರ್ ಬೇಕೇ ಬೇಕು ಅನ್ನುವ ಈ ಭ್ರಮೆ ಬಂದಿದ್ದು ವಿಡಿಯೋಗಳಿಂದ. ಅಮೆರಿಕದ ಅರಿಜೋನಾದಲ್ಲಿ 2009ರಲ್ಲಿ ಓವರ್‌ಲ್ಯಾಂಡ್ ಎಕ್ಸ್‌ಪೋ ಅಂತ ಶುರುವಾಯಿತು. ಗಾಡಿಯಲ್ಲೇ ದೂರ ದೂರ ತಿರುಗುವವರ ದೊಡ್ಡ ಜಾತ್ರೆ ಅದು. ಅಲ್ಲಿನ ಗಾಡಿಗಳ ತಲೆ ಮೇಲೆ ಟೆಂಟ್, ಪಕ್ಕದಲ್ಲಿ ಅಡುಗೆ ಮನೆ, ಒಳಗೆ ಫ್ರಿಜ್. ಅದನ್ನು ನೋಡಿ ನಮ್ಮವರು ಇದಿಲ್ಲದೆ ಆಗಲ್ಲ ಅಂದುಕೊಂಡರು. ಅಲ್ಲೂ ಒಂದು ದಿನದ ಟಿಕೆಟ್ ಬೇರೆ ಮಾರುತ್ತಾರೆ, ಸುಮ್ನೆ ನೋಡಿ ಬರುವ ಜನ ಅಲ್ಲೂ ಇದ್ದಾರೆ. ತಲೆ ಮೇಲಿನ ಟೆಂಟಿಗೆ ನಮ್ಮಲ್ಲಿ ಲಕ್ಷದ ಆಸುಪಾಸು ಬೆಲೆ. ನೆಲದ ಮೇಲೆ ಹಾಕುವ ಟೆಂಟ್ ಎರಡು ಮೂರು ಸಾವಿರಕ್ಕೆ ಬರುತ್ತೆ, ಪರಿಚಯದವರ ಹತ್ತಿರ ಕೇಳಿದರೆ ಹಾಗೇ ಸಿಗುತ್ತೆ. ಕಾಫಿ ಒಣಗಿಸುವ ಟಾರ್ಪಾಲು ಕೆಳಗೆ ಹಾಸಿ, ಅದರ ಮೇಲೆ ಚಾಪೆ, ಅದರ ಮೇಲೆ ಕಂಬಳಿ. ಇಬ್ಬನಿಗೆ ನಮ್ಮ ಕಡೆಯ ಕಂಬಳಿಯಷ್ಟು ಚೆನ್ನಾಗಿ ತಡೆಯುವ ಸ್ಲೀಪಿಂಗ್ ಬ್ಯಾಗ್ ನಾನಿನ್ನೂ ನೋಡಿಲ್ಲ.

ಗಾಡಿಗೆ ಏನಾದರೂ ಹಾಕಿಸಬೇಕಾ ಅಂತಲೂ ಕೇಳುತ್ತಾರೆ. ಬೇಡ. ಮುಂದೆ ಕಬ್ಬಿಣದ ಗಾರ್ಡ್ ಹಾಕಿಸಿಕೊಂಡವರ ಮೇಲೆ ಕ್ರಮ ತಗೊಳ್ಳಿ ಅಂತ ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ಬರೆದಿದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಮಾಡಿದ ಗಾಡಿಯನ್ನು ಮನಸ್ಸಿಗೆ ಬಂದಂತೆ ಬದಲಾಯಿಸುವ ಹಾಗಿಲ್ಲ, ಸುಪ್ರೀಂ ಕೋರ್ಟ್ 2019ರಲ್ಲಿ ಇದನ್ನು ಗಟ್ಟಿಯಾಗಿ ಹೇಳಿದೆ. ನಿಮ್ಮ ಇನ್ಶೂರೆನ್ಸ್ ಪಾಲಿಸಿಯನ್ನೂ ತೆಗೆದು ನೋಡಿ. ರೇಸ್, ಸ್ಪೀಡ್ ಟೆಸ್ಟಿಂಗ್, ರಿಲಯಬಿಲಿಟಿ ಟ್ರಯಲ್ (ಗಾಡಿ ಎಷ್ಟು ತಾಳುತ್ತೆ ಅನ್ನುವ ಪರೀಕ್ಷೆ) ಇವುಗಳಿಗೆ ಬಳಸಿದರೆ ಅನ್ವಯಿಸುವುದಿಲ್ಲ ಅಂತ ಖಾಸಗಿ ಕಾರಿನ ಪಾಲಿಸಿಯಲ್ಲಿ ಬರೆದಿರುತ್ತೆ. ಅಂದರೆ ಯಾರೋ ಹುರಿದುಂಬಿಸಿದರು ಅಂತ ಪೈಪೋಟಿಯ ಟ್ರ್ಯಾಕಿಗೆ ಗಾಡಿ ಇಳಿಸಿ ಮುರಿದುಕೊಂಡರೆ ರಿಪೇರಿ ನಿಮ್ಮ ಜೇಬಿನಿಂದಲೇ. ಮಕ್ಕಳಿಗೆ ಕೆಸರಿನ ಸವಾರಿ ಬೇಕು ಅಂದರೆ ಟ್ರ್ಯಾಕಿನ ಗಾಡಿಯವರನ್ನೇ ಕೇಳಿ. ಬೆಲ್ಟ್ ಹಾಕಿ ಕೂರಿಸಿಕೊಂಡು ಸುಲಭದ ಕಡೆ ಒಂದು ಸುತ್ತು ಹೊಡೆಸುವವರು ಪ್ರತಿ ಸಲವೂ ಸಿಕ್ಕಿದ್ದಾರೆ.

ದುಡ್ಡು ಕಟ್ಟುವ ಮೊದಲು ಎಲ್ಲವನ್ನೂ ಕೇಳಿ, ಬರೆದು ಕಳಿಸಿ ಅನ್ನಿ. ಒಂದು ಸಲ ನಮಗೆ ತಲೆಗೆ 800 ಅಂದರು, ಖುಷಿಯಿಂದ ಹೋದೆವು. ಗೇಟಿನಲ್ಲಿ ಗಾಡಿಗೆ 500, ಟೆಂಟ್ ಹಾಕುವ ಜಾಗಕ್ಕೆ 700, ಬಿಸಿನೀರಿಗೆ ಬಕೆಟ್ ಲೆಕ್ಕ. ಕತ್ತಲಾಗಿತ್ತು, ಮಕ್ಕಳು ನಿದ್ದೆಗಣ್ಣಲ್ಲಿದ್ದರು, ಕೊಟ್ಟೆವು. ಮನೆಗೆ ಬಂದು ಕೂಡಿಸಿದರೆ ಅಂದುಕೊಂಡದ್ದಕ್ಕಿಂತ ಎರಡು ಸಾವಿರ ಜಾಸ್ತಿ. ಊಟ ಸೇರಿದೆಯಾ, ಪಾರ್ಕಿಂಗ್ ಬೇರೆನಾ, ಹೆಂಗಸರಿಗೆ ಟಾಯ್ಲೆಟ್ ಎಷ್ಟಿವೆ, ಕಾರು ಕೊನೆಯವರೆಗೆ ಬರುತ್ತಾ ಅಂತ ಕೇಳಿದರೆ ಒಳ್ಳೆಯವರು ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ನೀವು ಕೇಳಿಲ್ಲ, ಆದರೆ ಈಕೋ ಅಂದಿರಲ್ಲ, ಹಿಂದಿನ ಸೀಟು ಮಡಚಿ ಒಳಗೇ ಮಲಗುವ ಯೋಚನೆ ಖಂಡಿತ ಬಂದಿರುತ್ತೆ. ಮಲಗಬಹುದು. ಆದರೆ ಇಂಜಿನ್ ಆನ್ ಇಟ್ಟು, ಎಸಿ ಅಥವಾ ಹೀಟರ್ ಹಾಕಿ ಮಲಗಲೇಬೇಡಿ. ನಿಂತ ಗಾಡಿಯ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತೆ, ಅದಕ್ಕೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸೈಲೆನ್ಸರ್‌ನಲ್ಲಿ ಸಣ್ಣ ತೂತಿದ್ದರೂ ಒಳಗೆ ಸೇರಬಹುದು. ರಕ್ತದಲ್ಲಿ ಆಮ್ಲಜನಕ ಕೂರಬೇಕಾದ ಜಾಗದಲ್ಲಿ ಅದು ಹೋಗಿ ಕೂರುತ್ತೆ, ನಿದ್ದೆಯಲ್ಲಿರುವವರಿಗೆ ಎಚ್ಚರವೂ ಆಗುವುದಿಲ್ಲ. ಚಳಿ ಅಂತ ಕೆಂಡದ ಒಲೆಯನ್ನು ಟೆಂಟಿನೊಳಗೋ ಗಾಡಿಯೊಳಗೋ ಇಟ್ಟುಕೊಂಡರೂ ಇದೇ ಅಪಾಯ. ತಲೆನೋವು, ವಾಂತಿ ಬಂದ ಹಾಗೆ ಆದರೆ ಮೊದಲು ಬಾಗಿಲು ತೆಗೆದು ಎಲ್ಲರನ್ನೂ ಹೊರಗೆ ಕರೆದುಕೊಂಡು ಬನ್ನಿ, ಆಮೇಲೆ ಆಸ್ಪತ್ರೆಗೆ ಹೋಗಿ. ಮಲಗುವಾಗ ಇಂಜಿನ್ ಆಫ್, ಎರಡೂ ಕಡೆ ಗಾಜು ಎರಡು ಬೆರಳಷ್ಟು ಕೆಳಗೆ, ಸೊಳ್ಳೆಗೆ ಹಳೇ ಪರದೆಯ ತುಂಡನ್ನು ಬಾಗಿಲಿಗೆ ಸಿಕ್ಕಿಸಿ.

ಮೀಟ್ ಮೈದಾನ ಬಿಟ್ಟು ದಾರಿ ಬದಿಯಲ್ಲಿ ನಿಲ್ಲಿಸಿ ಮಲಗುವುದಂತೂ ಬೇಡವೇ ಬೇಡ. ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ, ಈ ನಾಲ್ಕೂ ಕಡೆ ತೋಟಗಳಲ್ಲಿ ಕಾಡಾನೆ ಓಡಾಡುತ್ತವೆ. ಆನೆ ಎಲ್ಲಿದೆ ಅಂತ ಅರಣ್ಯ ಇಲಾಖೆಯವರು ಊರವರಿಗೆ ಮೆಸೇಜ್ ಕಳಿಸುತ್ತಾರೆ, ಅದು ಹೊರಗಿನಿಂದ ಬಂದ ನಿಮ್ಮ ಫೋನಿಗೆ ಬರುವುದಿಲ್ಲ. ಮೈದಾನದೊಳಗೂ ಬಾಳೆಹಣ್ಣು, ಹಲಸು, ಅಕ್ಕಿ ಇವನ್ನು ಟೆಂಟಿನಲ್ಲಿ ಇಟ್ಟುಕೊಂಡು ಮಲಗಬೇಡಿ, ಅಡುಗೆಯವರ ಹತ್ತಿರ ಕೊಟ್ಟುಬಿಡಿ.

ಅತ್ತೆಯವರಿಗೆ ಮಂಡಿ ನೋವಿದ್ದರೆ ಕೆಳಗೆ ಮಲಗಿ ಏಳುವುದು ಕಷ್ಟ. ಈಕೋದ ಹಿಂದಿನ ಸೀಟು ಅವರಿಗೆ ಬಿಡಿ, ಮಕ್ಕಳು ನೀವು ಟೆಂಟಿನಲ್ಲಿ. ಮಳೆ ನಿಂತ ಮೇಲೆ, ನವೆಂಬರ್ ಮುಗಿದು ನೆಲ ಒಣಗಿದ ಮೇಲೆ ಹೋಗಿ, ಆಗ ಇಂಬಳದ ಕಾಟವೂ ಇರುವುದಿಲ್ಲ. ಅರಸೀಕೆರೆ ಬಿಡುವ ಮೊದಲು ಸ್ಟೆಪ್ನಿಗೆ ಗಾಳಿ ಇದೆಯಾ, ಜಾಕ್ ಕೆಲಸ ಮಾಡುತ್ತಾ ಅಂತ ಒಂದು ಸಲ ಇಳಿಸಿ ನೋಡಿ.